ಪಾಠ ಹೇಳಿದವರ ಮುಪ್ಪಿಗೆ ಹೊಣೆ ಯಾರು?

ಸಂಸ್ಥೆಯ ಸಂಭ್ರಮವನ್ನು ದಾಖಲಿಸುವ ಸಂಚಿಕೆಯಲ್ಲಿ ಕಟ್ಟಡಗಳ ಚಿತ್ರಗಳೂ ದಾನಿಗಳ ನಾಮಾವಳಿಯೂ ಪರೀಕ್ಷಾ ಫಲಿತಾಂಶಗಳೂ ಇರುವುದು ಸಹಜವೇ ಸರಿ. ಇವುಗಳ ನಡುವೆ ವೃದ್ಧಾಪ್ಯದ ಮಾತೆತ್ತುವುದು ಮದುವೆಯ ಮನೆಯಲ್ಲಿ ಸಾಲದ ಲೆಕ್ಕ ತೆಗೆದಂತೆ ಕಂಡೀತು. ಆದರೂ ಶಿಕಾರಿಪುರ, ಸೊರಬ ಸೀಮೆಯಲ್ಲಿ ಮೂರು ದಶಕಗಳಿಗೂ ಮಿಕ್ಕಿ ಪಾಠ ಹೇಳಿ ನಿವೃತ್ತನಾದ ನಾನು ಈ ಲೆಕ್ಕವನ್ನು ಈಗಲೇ ತೆಗೆಯಬೇಕೆಂದು ಬಗೆದಿದ್ದೇನೆ. ನನಗೆ ತಿಂಗಳು ತಿಂಗಳೂ ನಿವೃತ್ತಿ ವೇತನ ಬರುತ್ತದೆ. ಅಧ್ಯಾಪಕರ ಕೊಠಡಿಯಲ್ಲಿ ನನ್ನ ಪಕ್ಕದ ಕುರ್ಚಿಯಲ್ಲಿ ಕುಳಿತು, ನನ್ನಷ್ಟೇ ಶ್ರದ್ಧೆಯಿಂದ ದುಡಿಯುತ್ತಿದ್ದ ಕಿರಿಯ ಸಹೋದ್ಯೋಗಿಗೆ ಮುಂದೆ ಅದು ಬರುವ ಭರವಸೆಯಿಲ್ಲ.

ಈ ಅಂತರ ಯೋಗ್ಯತೆಯದಲ್ಲ, ನೇಮಕದ ದಿನಾಂಕದ್ದು. 1960ರ ದಶಕದಲ್ಲಿ ಅಂದಿನ ಮೈಸೂರು ಸರ್ಕಾರ ಅನುದಾನಿತ ಶಾಲೆಗಳ ಶಿಕ್ಷಕರಿಗೆ ನಿವೃತ್ತಿ ವೇತನ, ಭವಿಷ್ಯನಿಧಿ, ವಿಮೆಗಳನ್ನೊಳಗೊಂಡ ತ್ರಿವಿಧ ಸೌಲಭ್ಯ ಯೋಜನೆಯನ್ನು ತಂದಿತು. ಅದರಿಂದ ಖಾಸಗಿ ಆಡಳಿತದ ಶಾಲೆಯ ಮೇಷ್ಟರೂ ಮುಪ್ಪಿನಲ್ಲಿ ತಲೆಯೆತ್ತಿ ನಡೆಯುವಂತಾಯಿತು. ಆದರೆ 2006ರ ಏಪ್ರಿಲ್ 1ರಿಂದ ರಾಜ್ಯದಲ್ಲಿ ಹೊಸದಾಗಿ ಸೇವೆಗೆ ಸೇರಿದವರಿಗೆ ಹಳೆಯ ನಿವೃತ್ತಿ ವೇತನ ನಿಂತುಹೋಯಿತು. ಸರ್ಕಾರಿ ನೌಕರರಿಗೆ ಅದರ ಬದಲು ರಾಷ್ಟ್ರೀಯ ಪಿಂಚಣಿ ವ್ಯವಸ್ಥೆ ಬಂದಿತು. ಅದರಲ್ಲಿ ನೌಕರನ ವಂತಿಗೆಯೊಡನೆ ಸರ್ಕಾರದ ವಂತಿಗೆಯೂ ಕೂಡುತ್ತದೆ. ಅನುದಾನಿತ ಸಂಸ್ಥೆಗಳ ವಿಷಯದಲ್ಲಿ ಮಾತ್ರ ಉದ್ಯೋಗದಾತನ ಪಾಲನ್ನು ಆಡಳಿತ ಮಂಡಳಿಯೇ ಭರಿಸತಕ್ಕದ್ದೆಂಬುದು ಸರ್ಕಾರದ ನಿಲುವಾಯಿತು. ಭರಿಸುವ ಶಕ್ತಿ ಎಷ್ಟು ಮಂಡಳಿಗಳಿಗಿದೆ? 2022ರಲ್ಲಿ ಬೆಂಗಳೂರಿನ ಸ್ವಾತಂತ್ರ್ಯ ಉದ್ಯಾನದಲ್ಲಿ ಅನುದಾನಿತ ಶಿಕ್ಷಕರು ಧರಣಿ ಕುಳಿತದ್ದು ಇದೇ ಸಂಕಟದಿಂದ.

ಅನುದಾನವಿಲ್ಲದ ವಿಭಾಗಗಳಲ್ಲಿ ದುಡಿಯುವವರ ಸ್ಥಿತಿ ಇನ್ನೂ ಸೂಕ್ಷ್ಮವಾದುದು. ಇವರಿಗೆ ಆಧಾರ 1995ರ ನೌಕರರ ಪಿಂಚಣಿ ಯೋಜನೆ. 2014ರ ಸೆಪ್ಟೆಂಬರಿನಲ್ಲಿ ನಿಗದಿಯಾದ 15,000 ರೂಪಾಯಿಗಳ ವೇತನ ಮಿತಿಯನ್ನು ಹಿಡಿದು ಎಣಿಸಿದರೆ, 25 ವರ್ಷ ದುಡಿದವರಿಗೂ ತಿಂಗಳಿಗೆ ಆರು ಸಾವಿರ ರೂಪಾಯಿ ಮುಟ್ಟುವುದಿಲ್ಲ. ಗ್ರಾಚ್ಯುಟಿ ಶಿಕ್ಷಕರಿಗೂ ಸಲ್ಲಬೇಕೆಂದು ಸಂಸತ್ತು 2009ರಲ್ಲಿ ತಿದ್ದುಪಡಿ ಮಾಡಿ, ಅದನ್ನು 1997ರ ಏಪ್ರಿಲ್ 3ರಿಂದಲೇ ಅನ್ವಯಿಸಿತು. 2022ರ ಆಗಸ್ಟಿನಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿಯೂ ಈ ಹಕ್ಕು ಉಳಿದಿದೆ. ಇದು ಆಡಳಿತದವರ ಔದಾರ್ಯವಲ್ಲ, ಶಿಕ್ಷಕರ ಹಕ್ಕು ಎಂಬುದನ್ನು ಉಭಯತರೂ ಅರಿತಿರುವುದು ಲೇಸು.

ಇನ್ನು ಕಾಯಿಲೆಯ ಮಾತು. ಕ್ಯಾಸನೂರು ಕಾಡಿನ ಕಾಯಿಲೆಯನ್ನು 1957ರಲ್ಲಿ ಜಗತ್ತಿಗೆ ಪರಿಚಯಿಸಿದ ಸೊರಬದವರಿಗೆ, ರೋಗ ಹೇಳಿಕೇಳಿ ಬರುವುದಿಲ್ಲವೆಂದು ಬೇರೆ ತಿಳಿಸಬೇಕಾಗಿಲ್ಲ. ಹೃದಯದ ಬೇನೆಯಾಗಲಿ ಮೂತ್ರಪಿಂಡದ ತೊಂದರೆಯಾಗಲಿ ಬಂದರೆ ನಾವು ಶಿವಮೊಗ್ಗೆಯ ದಾರಿ ಹಿಡಿಯುತ್ತೇವೆ. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಡತನ ರೇಖೆಗಿಂತ ಕೆಳಗಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ರಕ್ಷಣೆಯಿದೆ. ಉಳಿದವರಿಗೆ ದೊರೆಯುವುದು ನಿಗದಿತ ದರದ ಶೇಕಡಾ 30 ಮಾತ್ರ. ವೇತನದಾರರಾದ ನಾವು ಬಹುಮಟ್ಟಿಗೆ ಈ ಎರಡನೆಯ ಸಾಲಿನವರು. ಮಿಕ್ಕ ಶೇಕಡಾ 70ನ್ನು ಕೈಯಿಂದಲೇ ತೆರಬೇಕು. ತುರ್ತು ಸಂದರ್ಭಗಳ ಹೊರತು ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರವೂ ಬೇಕು. ಮೆಗ್ಗಾನ್ ಆಸ್ಪತ್ರೆಯ ಬಾಗಿಲನ್ನು ಮೊದಲು ತಟ್ಟದೆ ನೇರವಾಗಿ ಖಾಸಗಿ ಆಸ್ಪತ್ರೆಗೆ ಧಾವಿಸಿದವರು ಈ ನೆರವನ್ನು ಕಳೆದುಕೊಳ್ಳಬಹುದು. 70 ವರ್ಷ ದಾಟಿದವರಿಗೆಲ್ಲ ಆದಾಯದ ಮಿತಿಯಿಲ್ಲದೆ 5 ಲಕ್ಷದ ರಕ್ಷಣೆಯನ್ನು ಕೇಂದ್ರ ಸರ್ಕಾರ 2024ರ ಅಕ್ಟೋಬರ್ 29ರಂದು ಸಾರಿತು. ಆದರೆ ಕಾರ್ಡು ಕೈಯಲ್ಲಿದ್ದರೆ ಸಾಲದು, ಯಾವ ಆಸ್ಪತ್ರೆ ಅದನ್ನು ಅಂಗೀಕರಿಸುತ್ತದೆಂಬುದನ್ನು ಆರೋಗ್ಯವಾಗಿರುವಾಗಲೇ ವಿಚಾರಿಸಿಟ್ಟುಕೊಳ್ಳಬೇಕು. ಸಹಕಾರ ಸಂಘಗಳ ಸದಸ್ಯರಿಗಾಗಿ ಯಶಸ್ವಿನಿ ಯೋಜನೆ 2023ರ ಜನವರಿಯಿಂದ ಮರಳಿ ಬಂದಿದೆ. ಗದ್ದೆ, ಅಡಿಕೆ ತೋಟಗಳನ್ನು ನೋಡಿಕೊಂಡಿರುವ ಹಳೆಯ ವಿದ್ಯಾರ್ಥಿಗಳು ನೋಂದಣಿಯ ಕಾಲವನ್ನು ತಪ್ಪಿಸಿಕೊಳ್ಳಬಾರದು.

ಶಿಕ್ಷಕ ಬಂಧುಗಳಲ್ಲಿ ನನ್ನ ಮೊದಲ ವಿನಂತಿ: ನಾಳೆ ಎನ್ನಬೇಡಿ. ತಿಂಗಳಿಗೆ 2,000 ರೂಪಾಯಿಗಳಂತೆ 25 ವರ್ಷ ಕೂಡಿಟ್ಟರೆ, ಶೇಕಡಾ 8ರ ಬೆಳವಣಿಗೆಯೆಂದು ಊಹಿಸಿ ಎಣಿಸಿದಾಗ ಸುಮಾರು 19 ಲಕ್ಷವಾಗುತ್ತದೆ. ಅದೇ ಉಳಿತಾಯವನ್ನು ಹತ್ತು ವರ್ಷ ತಡವಾಗಿ ತೊಡಗಿದರೆ ದೊರೆಯುವುದು ಏಳು ಲಕ್ಷಕ್ಕೂ ಕಡಿಮೆ. ಹತ್ತು ವರ್ಷಗಳಲ್ಲಿ ಉಳಿಯದೆ ಹೋದದ್ದು 2,40,000 ರೂಪಾಯಿ. ಕಳೆದುಕೊಂಡದ್ದು ಹನ್ನೆರಡು ಲಕ್ಷ! ಮಕ್ಕಳಿಗೆ ಚಕ್ರಬಡ್ಡಿಯ ಲೆಕ್ಕ ಕಲಿಸುವ ನಾವೇ ಅದನ್ನು ನಮ್ಮ ಬಾಳಿಗೆ ಅನ್ವಯಿಸದಿರುವುದು ವಿಪರ್ಯಾಸವಲ್ಲವೆ? ರಾಷ್ಟ್ರೀಯ ಪಿಂಚಣಿ ವ್ಯವಸ್ಥೆಯ ಖಾತೆಯನ್ನು ಯಾವ ನಾಗರಿಕನೂ ಬ್ಯಾಂಕಿನ ಮೂಲಕ ತೆರೆಯಬಹುದು. ನಿವೃತ್ತಿಯಲ್ಲಿ ಕೈಸೇರಿದ ಗಂಟನ್ನು ಮನೆ ಕಟ್ಟಲೂ ಮದುವೆ ಮಾಡಲೂ ಪೂರ್ತಿಯಾಗಿ ಸುರಿಯದೆ, ಒಂದು ಭಾಗವನ್ನಾದರೂ ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿಡಿ. 2023ರ ಏಪ್ರಿಲ್ 1ರಿಂದ ಅದರ ಮಿತಿ 30 ಲಕ್ಷ. ಅಂದು ನಿಗದಿಯಾದ ಶೇಕಡಾ 8.2ರ ದರದಲ್ಲಿ 10 ಲಕ್ಷಕ್ಕೆ ಮೂರು ತಿಂಗಳಿಗೊಮ್ಮೆ 20,500 ರೂಪಾಯಿ ಬಡ್ಡಿ ಬರುತ್ತದೆ.

ಪ್ರಸಾದ ನಿಲಯದ ಅಡುಗೆಯವರನ್ನೂ ಆವರಣ ಗುಡಿಸುವವರನ್ನೂ ನಾವು ಮರೆಯಲಾಗದು. 18ರಿಂದ 40 ವಯಸ್ಸಿನೊಳಗಿನವರು, ಆದಾಯ ತೆರಿಗೆ ಕಟ್ಟದವರಾದರೆ, 2015ರಲ್ಲಿ ಬಂದ ಅಟಲ್ ಪಿಂಚಣಿ ಯೋಜನೆಗೆ ಸೇರಬಹುದು. ಅರವತ್ತರ ನಂತರ ತಿಂಗಳಿಗೆ 1,000ದಿಂದ 5,000 ರೂಪಾಯಿ ಖಚಿತ. ಬಡ ವೃದ್ಧರಿಗಾಗಿ ಸಂಧ್ಯಾ ಸುರಕ್ಷಾ ಯೋಜನೆ 2007ರಲ್ಲಿ ಬಂದಾಗ ರಾಜ್ಯದ ಹಣಕಾಸು ಖಾತೆ ಶಿಕಾರಿಪುರದ ಶಾಸಕರಾದ ಬಿ. ಎಸ್. ಯಡಿಯೂರಪ್ಪನವರ ಕೈಯಲ್ಲಿತ್ತು. ತಿಂಗಳಿಗೆ 400 ರೂಪಾಯಿಯಿಂದ ತೊಡಗಿದ ಆ ಮೊತ್ತ 2021ರಲ್ಲಿ 1,200ಕ್ಕೆ ಏರಿತು. ಇಂದಿನ ಬೆಲೆಗಳಲ್ಲಿ ಅದು ಔಷಧಿಗೆ ಸಾಕಾದರೆ ಅನ್ನಕ್ಕೆ ಸಾಲದು. ಸರ್ಕಾರದ ನೆರವು ಊರುಗೋಲು, ಅದೇ ಕಾಲಾಗಲಾರದು.

ಆದಕಾರಣ ಮಾನ್ಯ ದಾನಿಗಳಲ್ಲಿ ನನ್ನ ಎರಡನೆಯ ವಿನಂತಿ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯಲ್ಲಿ, ಕೇದಾರೇಶ್ವರ ದೇವಾಲಯಕ್ಕೆ ಸೇರಿದ್ದ ಕೋಡಿಯ ಮಠವನ್ನು ವರ್ಣಿಸುವ 1162ರ ಶಾಸನವೊಂದಿದೆ. ಅದು ಆ ಮಠವನ್ನು ವಿದ್ಯೆ ಕಲಿಸುವ ಸ್ಥಾನವೆಂದೂ ದೀನರಿಗೂ ಅಂಗವಿಕಲರಿಗೂ ಅನ್ನವೀಯುವ ಸ್ಥಾನವೆಂದೂ ರೋಗಿಗಳಿಗೆ ಔಷಧೋಪಚಾರ ಮಾಡುವ ಸ್ಥಾನವೆಂದೂ ಹೇಳುತ್ತದೆ. ಅಂದಿನ ದಾನಿಗಳು ಮಠಗಳಿಗೆ ಕಲ್ಲು ಕಂಬಗಳನ್ನಷ್ಟೇ ಕೊಡಲಿಲ್ಲ, ಭೂಮಿಯನ್ನು ಬಿಟ್ಟರು. ಎಂದರೆ ವರ್ಷ ವರ್ಷವೂ ಬರುವ ಆದಾಯವನ್ನು ಕೊಟ್ಟರು. ಕಟ್ಟಡ ತಾನಾಗಿ ಪಾಠ ಹೇಳುವುದಿಲ್ಲವೆಂಬುದು ಅವರಿಗೆ ತಿಳಿದಿತ್ತು.

ನಾವಾದರೋ ಕೊಠಡಿಯ ಬಾಗಿಲಿಗೆ ಹೆಸರಿನ ಫಲಕ ಹಾಕಿಸುವುದರಲ್ಲೇ ದಾನದ ಸಾರ್ಥಕ್ಯವನ್ನು ಕಾಣುತ್ತಿದ್ದೇವೆ. ಕೊಠಡಿಗಳು ಬೇಡವೆಂದಲ್ಲ. ಒಂದು ಕೊಠಡಿಗೆಂದು ಕೊಡುವ 10 ಲಕ್ಷ ರೂಪಾಯಿಗಳನ್ನು ಶಾಶ್ವತ ನಿಧಿಯಾಗಿಟ್ಟರೆ, ಶೇಕಡಾ 7ರಂತೆ ವರ್ಷಕ್ಕೆ 70,000 ರೂಪಾಯಿ ಬರುತ್ತದೆ. ಐವರು ಶಿಕ್ಷಕರ ಪಿಂಚಣಿ ಖಾತೆಗಳಿಗೆ ತಿಂಗಳಿಗೆ ತಲಾ 1,000ದಂತೆ ಸಂಸ್ಥೆಯ ಪಾಲನ್ನು ಕಟ್ಟಿದರೆ ತಗಲುವ ವೆಚ್ಚ 60,000. ಉಳಿದ 10,000 ನಿವೃತ್ತರ ತುರ್ತು ಚಿಕಿತ್ಸೆಯ ಪ್ರಯಾಣ, ಔಷಧಿಗಳ ಖರ್ಚಿಗಾಯಿತು. ಮೂಲಧನ ಹಾಗೆಯೇ ಉಳಿಯುತ್ತದೆ. ಹಳೆಯ ವಿದ್ಯಾರ್ಥಿಗಳ ಒಂದೊಂದು ತಂಡ ಇಂತಹ ಒಂದೊಂದು ದತ್ತಿಯನ್ನಿಟ್ಟರೆ ಕೆಲವೇ ವರ್ಷಗಳಲ್ಲಿ ಈ ಸಂಸ್ಥೆಯ ಯಾವ ಶಿಕ್ಷಕನೂ ಬರಿಗೈಯಲ್ಲಿ ಮನೆಗೆ ಹೋಗಬೇಕಾಗದು.

ಇದರಿಂದ ಸರ್ಕಾರದ ಹೊಣೆ ತೀರಿತೆಂದು ಯಾರೂ ತಿಳಿಯಬಾರದು. ಒಂದೇ ಪಠ್ಯವನ್ನು ಬೋಧಿಸಿ, ಒಂದೇ ಪರೀಕ್ಷೆಗೆ ಮಕ್ಕಳನ್ನು ಸಿದ್ಧಗೊಳಿಸುವವರಲ್ಲಿ ದಿನಾಂಕದ ಗೆರೆಯೆಳೆದು ಒಬ್ಬನಿಗೆ ಅನ್ನ, ಇನ್ನೊಬ್ಬನಿಗೆ ಆತಂಕ ಹಂಚುವುದು ನ್ಯಾಯವಲ್ಲ. ಆ ಬೇಡಿಕೆ ಮುಂದುವರಿಯಲೇಬೇಕು. ಆದರೆ ಆದೇಶ ಬರುವವರೆಗೆ ಮುಪ್ಪು ಕಾಯುವುದಿಲ್ಲ. ದುಡಿಯುವ ಕೈಗೆ ಕಾಯಕವನ್ನು ಬೋಧಿಸುವ ಪರಂಪರೆ, ದಣಿದ ಕೈಯನ್ನು ಹಿಡಿಯುವುದೂ ದಾಸೋಹವೆಂದು ಅರಿತು ನಡೆಯಲಿ. ಮುಂದಿನ ಸಂಚಿಕೆಯ ದಾನಿಗಳ ಪಟ್ಟಿಯಲ್ಲಿ ಕಟ್ಟಡ ನಿಧಿಯ ಪಕ್ಕದಲ್ಲಿ ‘ಶಿಕ್ಷಕರ ಸಂಧ್ಯಾಕಾಲದ ನಿಧಿ’ ಎಂಬ ಇನ್ನೊಂದು ಶೀರ್ಷಿಕೆಯೂ ಮೂಡಲೆಂಬುದು ನನ್ನ ಹಾರೈಕೆ. ಅದರ ಕೆಳಗಿನ ಮೊದಲ ಸಾಲಿನಲ್ಲಿ ನನ್ನ ಒಂದು ತಿಂಗಳ ನಿವೃತ್ತಿ ವೇತನವನ್ನು ಬರೆದುಕೊಳ್ಳಬೇಕೆಂದು ಆಡಳಿತ ಮಂಡಳಿಯಲ್ಲಿ ಪ್ರಾರ್ಥಿಸುತ್ತೇನೆ.