ಐದನೇ ಕಾರ್ಡ್ ಜೋಡಿಸುವ ಮೊದಲು ಕೇಳಬೇಕಿದ್ದ ಪ್ರಶ್ನೆ

ಪುಣೆಗೆ ಬಂದು ನನಗೆ 17 ವರ್ಷ. ಪವರ್ ಸಪ್ಲೈ ವಿನ್ಯಾಸ ಮಾಡುವುದು ಹೊಟ್ಟೆಪಾಡಿನ ಕೆಲಸ. ಆದರೆ ಊರು ಬಿಟ್ಟು ಬಂದ ಎಂಜಿನಿಯರ್‌ಗೆ ಸಂಬಳವಿಲ್ಲದ ಇನ್ನೊಂದು ಕೆಲಸವೂ ಅಂಟಿಕೊಂಡಿರುತ್ತದೆ. ಗದಗ, ಬಾಗಲಕೋಟೆ, ವಿಜಯಪುರದ ಕಡೆಯಿಂದ ಬಂದ ಹುಡುಗರ ಲ್ಯಾಪ್‌ಟಾಪ್ ಕೈಕೊಟ್ಟರೆ, ಬಾಡಿಗೆ ಮನೆಯ ಇನ್ವರ್ಟರ್ ಕಿರುಚಿದರೆ ಫೋನ್ ಬರುವುದು ನನಗೆ. ಬೇಸರವೇನಿಲ್ಲ. ಸ್ಕ್ರೂಡ್ರೈವರ್ ಹಿಡಿದು ಹೋಗಿ, ಕೆಟ್ಟದ್ದನ್ನು ಸರಿ ಮಾಡಿ, ಚಹಾ ಕುಡಿದು, ನಮ್ಮ ಕಡೆಯ ಮಾತಾಡಿ ಬಂದರೆ ರವಿವಾರ ಸಾರ್ಥಕವಾದಂತೆ. ಆದರೆ ಅಂಥ ಒಂದು ರವಿವಾರದ ಬಗ್ಗೆ ಮಾತ್ರ ನನಗೆ ಇವತ್ತಿಗೂ ಸಮಾಧಾನವಿಲ್ಲ. ನನ್ನಂಥ ಉಳಿದ ಮಾಮಾ, ಕಾಕಾಗಳಿಗೆ ಉಪಯೋಗವಾದೀತು ಎಂದು ಅದನ್ನು ಬರೆಯುತ್ತಿದ್ದೇನೆ.

2021ರ ಆಗಸ್ಟ್. ಅಕ್ಕನ ಮಗ ಇಲ್ಲೇ ವಾಕಡ್‌ನಲ್ಲಿ ಇಬ್ಬರು ಗೆಳೆಯರ ಜೊತೆ ಫ್ಲ್ಯಾಟ್ ಮಾಡಿಕೊಂಡಿದ್ದ. ಸಾಫ್ಟ್‌ವೇರ್ ಕೆಲಸ, ಕೊರೊನಾ ಕಾಲವಾದ್ದರಿಂದ ಮನೆಯಿಂದಲೇ. ಅವನ ಫೋನ್ ಬಂತು: “ಮಾಮಾ, ನಾಕು ಕಾರ್ಡ್ ಚಲೋ ಓಡಾಕತ್ತಾವ. ಐದನೇದು ಹಚ್ಚಿದ ಕೂಡ್ಲೆ ಮಷಿನ್ ಚಾಲೂನ ಆಗವಲ್ದು. ಒಂದ್ಸಲ ಬಂದು ನೋಡ್ತೀರೇನು?”

ಹೋಗಿ ನೋಡಿದರೆ ಹಾಲ್‌ನ ಮೂಲೆಯಲ್ಲಿ, ಚಪ್ಪಲಿ ಇಡುವ ಪ್ಲೈವುಡ್ ಸ್ಟ್ಯಾಂಡಿನ ಮೇಲೆ, ಅಲ್ಯೂಮಿನಿಯಂ ಪಟ್ಟಿಗಳ ಚೌಕಟ್ಟು. ಅದಕ್ಕೆ ನಾಲ್ಕು ಗ್ರಾಫಿಕ್ಸ್ ಕಾರ್ಡುಗಳು ಸಾಲಾಗಿ ಜೋತುಬಿದ್ದು ಗುಂಯ್ ಎನ್ನುತ್ತಿದ್ದವು. ಐದನೆಯದು ಮತ್ತು ಆರನೆಯದು ಡಬ್ಬಿಯಲ್ಲೇ ಕಾಯುತ್ತಿದ್ದವು. ಹುಡುಗ ಈಥರ್ ಎಂಬ ಕ್ರಿಪ್ಟೊ ನಾಣ್ಯದ ಮೈನಿಂಗ್ ಶುರು ಮಾಡಿದ್ದ. ಬಿಟ್‌ಕಾಯಿನ್ ಮೈನಿಂಗ್ ಆಗಲೇ ಅದಕ್ಕೆಂದೇ ತಯಾರಿಸಿದ ಯಂತ್ರಗಳ ಪಾಲಾಗಿತ್ತು. ಈಥರ್ ಮಾತ್ರ ಗೇಮ್ ಆಡುವ ಗ್ರಾಫಿಕ್ಸ್ ಕಾರ್ಡಿನಿಂದಲೂ ಸಿಗುತ್ತಿತ್ತು. ಕಾರ್ಡ್ ಹಗಲೂ ರಾತ್ರಿ ಲೆಕ್ಕ ಮಾಡುತ್ತಾ ಕೂರಬೇಕು. ಮಾಡಿದ ಲೆಕ್ಕಕ್ಕೆ ತಕ್ಕಂತೆ ಒಂದಿಷ್ಟು ಚಿಲ್ಲರೆ ಈಥರ್ ಖಾತೆಗೆ ಬೀಳುತ್ತದೆ. ಕಾರ್ಡ್ ಹೆಚ್ಚಾದಷ್ಟೂ ಚಿಲ್ಲರೆ ಹೆಚ್ಚು. ಆದ್ದರಿಂದ ಈ ಹವ್ಯಾಸಕ್ಕೆ ಬಿದ್ದವರೆಲ್ಲರ ಮನಸ್ಸಿನಲ್ಲೂ ಒಂದೇ ಜಪ: ಇನ್ನೊಂದು ಕಾರ್ಡ್.

ತೊಂದರೆ ಏನೆಂದು ನನಗೆ ಹತ್ತು ನಿಮಿಷದಲ್ಲೇ ಗೊತ್ತಾಯಿತು. ಪ್ರತಿ ಕಾರ್ಡೂ ಕಂಪ್ಯೂಟರಿನ ವಿಳಾಸಪಟ್ಟಿಯಲ್ಲಿ ದೊಡ್ಡ ಜಾಗ ಕೇಳುತ್ತದೆ. ಮದರ್‌ಬೋರ್ಡ್ ಆ ಜಾಗವನ್ನು ಮೊದಲ 4 ಜಿಬಿಯೊಳಗೇ ಹಂಚಲು ಹೋದರೆ ನಾಲ್ಕೈದು ಕಾರ್ಡಿಗೆ ತುಂಬಿಹೋಗುತ್ತದೆ. ಬಯೋಸ್‌ನಲ್ಲಿ ‘ಅಬೋವ್ 4ಜಿ ಡಿಕೋಡಿಂಗ್’ ಎಂಬ ಆಯ್ಕೆ ಇರುತ್ತದೆ. ಅದನ್ನು ಚಾಲೂ ಮಾಡಿದರೆ ಅದರಾಚೆಯ ಜಾಗವೂ ಸಿಗುತ್ತದೆ. ಮಾಡಿದೆ. ಐದನೆಯ ಕಾರ್ಡ್ ಎದ್ದು ಕೂತಿತು. ಹುಡುಗನ ಕಣ್ಣಲ್ಲಿ ನಾನು ದೇವರಾದೆ.

ಆರನೆಯದನ್ನೂ ಹಚ್ಚೋಣ ಎಂದೆ. ಹೌದು, ಹೇಳಿದ್ದು ನಾನೇ.

ಇಷ್ಟು ಕಾರ್ಡುಗಳನ್ನು ನೇರವಾಗಿ ಮದರ್‌ಬೋರ್ಡಿಗೆ ಚುಚ್ಚಲು ಆಗುವುದಿಲ್ಲ, ಒಂದಕ್ಕೊಂದು ತಗಲುತ್ತವೆ. ಅದಕ್ಕೆ ರೈಸರ್ ಎಂಬ ಸಣ್ಣ ಪಟ್ಟಿ ಬೇಕು. ಮದರ್‌ಬೋರ್ಡಿನ ಸಣ್ಣ ಸ್ಲಾಟಿನಿಂದ ಯುಎಸ್‌ಬಿ ವೈರಿನಂತೆ ಕಾಣುವ ಕೇಬಲ್ ಹೊರಟು ದೂರದ ಪಟ್ಟಿಗೆ ಸೇರುತ್ತದೆ, ಕಾರ್ಡ್ ಅದರ ಮೇಲೆ ಕೂರುತ್ತದೆ. ಮೈನಿಂಗ್‌ನಲ್ಲಿ ಮಾಹಿತಿಯ ಓಡಾಟ ಕಡಿಮೆ, ಹಾಗಾಗಿ ಸಪೂರ ದಾರಿಯೇ ಸಾಕು. ಆದರೆ ಕರೆಂಟಿಗೆ ಸಪೂರ ದಾರಿ ಸಾಲದು. ಕಾರ್ಡ್ ತನ್ನ ಸ್ಲಾಟಿನಿಂದಲೇ 75 ವ್ಯಾಟ್‌ವರೆಗೆ ಎಳೆಯಬಹುದು ಎಂದು ನಿಯಮವೇ ಇದೆ. ಅಷ್ಟನ್ನೂ ರೈಸರ್‌ಗೆ ಬೇರೆ ವೈರಿನಿಂದ ಕೊಡಬೇಕು. 6 ಪಿನ್ನಿನ ವೈರ್ ಅದನ್ನು ತಾಳುತ್ತದೆ. ಹಾರ್ಡ್ ಡಿಸ್ಕಿಗೆ ಕೊಡುವ ಸಾಟಾ ವೈರ್ ತಾಳುವುದಿಲ್ಲ. ಅದರ 12 ವೋಲ್ಟಿನ ಮೂರು ಪಿನ್ನುಗಳ ತಾಕತ್ತು ತಲಾ ಒಂದೂವರೆ ಆಂಪಿಯರ್, ಒಟ್ಟು 54 ವ್ಯಾಟ್. ಆದರೂ ಅಗ್ಗದ ರೈಸರ್‌ಗಳ ಡಬ್ಬಿಯಲ್ಲಿ ಸಾಟಾ ಅಡಾಪ್ಟರನ್ನೇ ಇಟ್ಟಿರುತ್ತಾರೆ.

ಇದೆಲ್ಲ ನನಗೆ ಗೊತ್ತಿಲ್ಲದ್ದಲ್ಲ. ನನ್ನ ಅನ್ನವೇ ಅದು. ಆದರೆ 6 ಪಿನ್ನಿನ ವೈರ್ ಮುಗಿದಿತ್ತು, ಅಂಗಡಿ ಬಾಗಿಲು ಹಾಕಿತ್ತು, ಹುಡುಗನ ಉತ್ಸಾಹ ಮುಗಿಲು ಮುಟ್ಟಿತ್ತು. ಒಂದು ಸಾಟಾ ವೈರನ್ನು ಎರಡಾಗಿ ಒಡೆದು ಎರಡು ರೈಸರ್‌ಗೆ ಕೊಟ್ಟು, “ಎರಡು ದಿನ ಓಡಲಿ, ಬುಧವಾರ ವೈರ್ ತಂದು ಬದಲಿ ಮಾಡು” ಎಂದು ಹೇಳಿ ಮನೆಗೆ ಬಂದೆ. ಬುಧವಾರ ಅವನೂ ಮರೆತ, ನಾನೂ ಕೇಳಲಿಲ್ಲ.

ಹನ್ನೆರಡನೆಯ ರಾತ್ರಿ ಎರಡೂವರೆಗೆ ಅವನ ಗೆಳೆಯನೊಬ್ಬ ನೀರು ಕುಡಿಯಲು ಎದ್ದ. ಹಾಲ್ ತುಂಬ ಪ್ಲಾಸ್ಟಿಕ್ ಸುಟ್ಟ ವಾಸನೆ, ವೈರಿನ ಬುಡದಲ್ಲಿ ಬೆರಳುದ್ದದ ಉರಿ. ಓಡಿಹೋಗಿ ಮೇನ್ ಸ್ವಿಚ್ ಬಂದ್ ಮಾಡಿದ. ಪ್ಲೈವುಡ್ಡು ಅಂಗೈಯಗಲ ಕಪ್ಪಾಗಿತ್ತು. ಅದರಿಂದ ಎರಡು ಮಾರು ದೂರದಲ್ಲಿ ಮೂರನೆಯವನು ಗಾದಿ ಹಾಸಿಕೊಂಡು ಮಲಗಿದ್ದ. ಯಾರಿಗೂ ಏನೂ ಆಗಲಿಲ್ಲ. ಅವನಿಗೆ ಬಾಯಾರಿಕೆ ಆಗಿರದಿದ್ದರೆ ಎಂಬ ಯೋಚನೆಯನ್ನು ನಾನು ಮುಂದುವರಿಸಲು ಹೋಗುವುದಿಲ್ಲ.

ಮರುದಿನ ಹೋಗಿ ಎಲ್ಲ ಸರಿ ಮಾಡಿದೆ. ಇನ್ನೊಂದು ಪವರ್ ಸಪ್ಲೈ ತರಿಸಿದೆ. ಕಾರ್ಡಿಗೂ ಅದರ ರೈಸರ್‌ಗೂ ಒಂದೇ ಸಪ್ಲೈನಿಂದ ವೈರ್ ಕೊಟ್ಟೆ, ಯಾವ ಸಪ್ಲೈ ಮೇಲೂ ಅದರ ತಾಕತ್ತಿನ ಶೇ 80ಕ್ಕಿಂತ ಹೆಚ್ಚು ಭಾರ ಬೀಳದಂತೆ ನೋಡಿಕೊಂಡೆ. ಎಕ್ಸ್‌ಟೆನ್ಷನ್ ಬೋರ್ಡ್ ಕಿತ್ತೆಸೆದು 16 ಆಂಪಿಯರ್ ಸಾಕೆಟ್‌ಗೆ ಹಚ್ಚಿದೆ. ನನ್ನ ತಪ್ಪು ತಿದ್ದಿಕೊಂಡೆ ಎಂದುಕೊಂಡೆ. ನಿಜವಾದ ತಪ್ಪು ಬೇರೆಯೇ ಇತ್ತು.

ಅದು ಗೊತ್ತಾದದ್ದು ಮರುತಿಂಗಳು ಗಣಪತಿ ಹಬ್ಬಕ್ಕೆ ಗದಗಿಗೆ ಹೋದಾಗ. ಅಕ್ಕನ ಕೈಯಲ್ಲಿ ಬರೀ ಗಾಜಿನ ಬಳೆ. ಪಾಟ್ಲಿ ಎಲ್ಲಿ ಎಂದು ಕೇಳಿದೆ. “ಸೊಸಾಯಿಟಿಯೊಳಗ ಇಟ್ಟೇವಿ ತಮ್ಮಾ. ಅಂವಗ ಕಂಪ್ಯೂಟರ್ ಕೋರ್ಸ್‌ಗೆ ಒಂದೂವರೆ ಲಕ್ಷ ಬೇಕಾಗಿತ್ತಂತ. ಕೋರ್ಸ್ ಮುಗೀತೇನು? ನೀ ಹೋಗಿ ನೋಡ್ಕೊಂಡ್ ಬರ್ತಿಯಂತಲ್ಲ, ನನಗ ಅಷ್ಟ ಧೈರ್ಯ” ಎಂದಳು.

ನಾನು ಕಡುಬು ಬಾಯಿಗಿಟ್ಟುಕೊಂಡು ತಲೆಯಾಡಿಸಿದೆ. ಆಗಲೂ ನಿಜ ಹೇಳಲಿಲ್ಲ.

ಆಗ ಸೆಕೆಂಡ್ ಹ್ಯಾಂಡ್ ಕಾರ್ಡೇ ಒಂದಕ್ಕೆ 30 ಸಾವಿರದ ಆಸುಪಾಸು ಇತ್ತು. ಆರು ಕಾರ್ಡು, ಉಳಿದ ಸಾಮಾನು ಸೇರಿ ಹುಡುಗ ಎರಡು ಲಕ್ಷಕ್ಕೂ ಹೆಚ್ಚು ಸುರಿದಿದ್ದ. ಶುರುವಿನಲ್ಲಿ ದಿನಕ್ಕೆ 700 ರೂಪಾಯಿಯಷ್ಟು ಬರುತ್ತಿತ್ತು, ಸುಳ್ಳಲ್ಲ. ಆದರೆ ಇಡೀ ಯಂತ್ರ ಗೋಡೆಯಿಂದ ಎಳೆಯುತ್ತಿದ್ದದ್ದು ಸುಮಾರು 1 ಕಿಲೋವ್ಯಾಟ್. ಅಂದರೆ ದಿನಕ್ಕೆ 24 ಯೂನಿಟ್, ತಿಂಗಳಿಗೆ 720. ಬಳಕೆ ಹೆಚ್ಚಿದಂತೆ ಯೂನಿಟ್ಟಿನ ದರವೂ ಏರುವುದರಿಂದ ಬಿಲ್ 8 ಸಾವಿರ ದಾಟಿತು. ಮೊದಲ ತಿಂಗಳ ಬಿಲ್ಲನ್ನು ಮೂವರೂ ಎಂದಿನಂತೆ ಸಮನಾಗಿ ಹಂಚಿಕೊಂಡು ಕಟ್ಟಿದ್ದರು. ಹಾಲ್‌ನಲ್ಲಿ ಮಲಗುತ್ತಿದ್ದವನೂ ತನ್ನ ಪಾಲು ಕೊಟ್ಟಿದ್ದ. ಇದೂ ನಾನು ಕೇಳದೇ ಬಿಟ್ಟ ಪ್ರಶ್ನೆ.

ಹಬ್ಬ ಮುಗಿಸಿ ಬಂದವನು, ಕಾರ್ಡ್ ಮಾರಿ ಪಾಟ್ಲಿ ಬಿಡಿಸು ಎಂದು ಒಮ್ಮೆ ಹೇಳಿದೆ. “ಒಂದು ವರ್ಷ ತಡೀರಿ ಮಾಮಾ, ನಾನ ಬಿಡಿಸ್ತೇನಿ” ಎಂದ. ಎರಡನೆಯ ಸಲ ಹೇಳಲಿಲ್ಲ. ಆಗಲೇ ಮಾರಿದ್ದರೆ ಕೊಟ್ಟ ಬೆಲೆಗೆ ಹೋಗುತ್ತಿದ್ದವು. ಆ ನವೆಂಬರಿನಲ್ಲಿ ಈಥರ್ ಬೆಲೆ 4,800 ಡಾಲರ್ ಮುಟ್ಟಿತು, ಮುಂದಿನ ಜೂನ್ ಹೊತ್ತಿಗೆ ಸಾವಿರದ ಹತ್ತಿರಕ್ಕೆ ಬಿತ್ತು. ಹುಡುಗ ಗಳಿಸಿದ್ದರಲ್ಲಿ ಬಹುಪಾಲನ್ನು ಇನ್ನೂ ಏರೀತೆಂದು ಮಾರದೇ ಇಟ್ಟಿದ್ದ. ನಡುವೆ 2022ರ ಬಜೆಟ್ಟಿನಲ್ಲಿ ಕ್ರಿಪ್ಟೊ ಲಾಭಕ್ಕೆ ಶೇ 30 ತೆರಿಗೆ ಬಂತು, ಜುಲೈಯಿಂದ ಶೇ 1 ಟಿಡಿಎಸ್ ಬಂತು. ಮೈನಿಂಗ್ ಯಂತ್ರಕ್ಕೆ ಹಾಕಿದ ದುಡ್ಡನ್ನು ಖರೀದಿ ವೆಚ್ಚವೆಂದು ಕಳೆಯಲು ಬರುವುದಿಲ್ಲ ಎಂದು ಸರ್ಕಾರ ಲೋಕಸಭೆಯಲ್ಲಿ ಹೇಳಿತು. 2022ರ ಸೆಪ್ಟೆಂಬರ್ 15ರಂದು ಈಥೀರಿಯಂ ಜಾಲ ತನ್ನ ಪದ್ಧತಿಯನ್ನೇ ಬದಲಿಸಿತು. ಲೆಕ್ಕ ಮಾಡುವ ಕಾರ್ಡುಗಳ ಕೆಲಸ ಅವತ್ತಿಗೆ ಮುಗಿಯಿತು. ಜಗತ್ತಿನಾದ್ಯಂತ ಲಕ್ಷಾಂತರ ಕಾರ್ಡುಗಳು ಒಂದೇ ದಿನ ನಿರುದ್ಯೋಗಿಗಳಾದವು, ಬೆಲೆ ನೆಲಕಚ್ಚಿತು. ನಮ್ಮ ಹುಡುಗನಿಗೆ ಒಂದೊಂದಕ್ಕೆ 7 ಸಾವಿರ ಸಿಕ್ಕಿತು. ಬಡ್ಡಿ ಸೇರಿ ಹತ್ತಿರ ಹತ್ತಿರ ಒಂದು ಲಕ್ಷ ನಷ್ಟ. ಪಾಟ್ಲಿ ಅಕ್ಕನ ಕೈಗೆ ಮರಳಿದ್ದು 2023ರ ದಸರೆಗೆ, ಅವನ ಸಂಬಳದಿಂದ.

ಈ ಪದ್ಧತಿ ಬದಲಾಗಲಿದೆ ಎಂಬುದು ಗುಟ್ಟೇನೂ ಆಗಿರಲಿಲ್ಲ. ಈಥೀರಿಯಂ ಕಟ್ಟಿದವರೇ ವರ್ಷಗಳಿಂದ ಹೇಳಿಕೊಂಡು ಬಂದಿದ್ದರು. ನಾನು ಒಂದು ಸಂಜೆ ಓದಿದ್ದರೆ ತಿಳಿಯುತ್ತಿತ್ತು. ಆದರೆ ನನ್ನನ್ನು ಕೇಳಿದ್ದು ಐದನೆಯ ಕಾರ್ಡ್ ಯಾಕೆ ಓಡುತ್ತಿಲ್ಲ ಎಂದು. ನಾನು ಅಷ್ಟಕ್ಕೇ ಉತ್ತರ ಕೊಟ್ಟೆ.

ನನ್ನ ದೂರು ಇರುವುದು ಕ್ರಿಪ್ಟೊ ಮೇಲಲ್ಲ, ಹುಡುಗರ ಮೇಲೂ ಅಲ್ಲ. ಸಂಬಳ ಸಾಲದ ಊರಿನಲ್ಲಿ ಎರಡನೆಯ ಆದಾಯ ಹುಡುಕುವುದು ತಪ್ಪಲ್ಲ. ಸ್ವಂತ ದುಡ್ಡಿನಲ್ಲಿ, ತಿಳಿದು ಮಾಡಿ, ಗಳಿಸಿದವರೂ ಇದ್ದಾರೆ. ನನ್ನ ದೂರು ನಮ್ಮಂಥ ಹಿರಿಯರ ಮೇಲೆ. ಪರಊರಿನಲ್ಲಿ ಹುಡುಗರಿಗೆ ನಾವೇ ತಾಯಿ-ತಂದೆಯ ಕಣ್ಣು. ಊರಲ್ಲಿರುವವರು ನೆಮ್ಮದಿಯಾಗಿ ನಿದ್ದೆ ಮಾಡುವುದು ‘ಅಲ್ಲಿ ತಮ್ಮ ಇದ್ದಾನೆ’ ಎಂಬ ಭರವಸೆಯ ಮೇಲೆ. ಆದರೆ ಹುಡುಗರು ತಾಂತ್ರಿಕ ಪ್ರಶ್ನೆ ಹಿಡಿದು ಬಂದಾಗ ನಮಗೆ ಹಿಗ್ಗು. ಅದಕ್ಕೆ ಖಚಿತ ಉತ್ತರವಿದೆ, ನಮ್ಮ ಜಾಣತನ ತೋರಿಸಲು ಜಾಗವಿದೆ. ದುಡ್ಡು ಎಲ್ಲಿಂದ ಬಂತು, ಮನೆಯಲ್ಲಿ ಹೇಳಿದ್ದೀಯಾ ಎಂದು ಕೇಳಿದರೆ ನಾವು ಹಳೆಯ ಕಾಲದವರಾಗುತ್ತೇವೆ, ಮುಂದಿನ ಸಲ ಫೋನ್ ಬರಲಿಕ್ಕಿಲ್ಲ ಎಂಬ ಅಳುಕು. ಆ ಅಳುಕಿಗೆ ನಾನು ಕೊಟ್ಟ ಬೆಲೆಯನ್ನು ಅಕ್ಕ ಎರಡು ವರ್ಷ ಬರಿಗೈಯಲ್ಲಿ ಕಟ್ಟಿದಳು. ಅವಳಿಗೆ ನಾನು ಎಲ್ಲ ಹೇಳಿದ್ದು ಪಾಟ್ಲಿ ಬಂದ ಮೇಲೆ. ಬೈಯಲಿಲ್ಲ. “ನೀನರ ಹೇಳಬೇಕಿತ್ತು” ಎಂದಳು, ಅಷ್ಟೇ.

ಹಾಗಾಗಿ ಈಗ ನಾನು ವೈರ್ ಮುಟ್ಟುವ ಮೊದಲು ಕಾಗದದ ಮೇಲೆ ಮೂರು ಲೆಕ್ಕ ಮಾಡಿಸುತ್ತೇನೆ. ಒಂದು, ವ್ಯಾಟ್: ಪ್ರತಿ ವೈರ್, ಪ್ರತಿ ಸಾಕೆಟ್ ಎಷ್ಟು ತಾಳುತ್ತದೆ, ಅದರ ಮೇಲೆ ಎಷ್ಟು ಹೇರುತ್ತಿದ್ದೇವೆ. ಎರಡು, ಯೂನಿಟ್: ತಿಂಗಳ ಬಿಲ್ ಎಷ್ಟು, ಅದನ್ನು ಕಟ್ಟುವವರು ಯಾರು. ಮೂರು, ಸಾಲ: ಈ ಆದಾಯ ನಾಳೆ ಬೆಳಿಗ್ಗೆ ನಿಂತರೆ ಕಂತು ಎಲ್ಲಿಂದ ಬರುತ್ತದೆ. ಮೂರನೆಯದಕ್ಕೆ ಉತ್ತರವಿಲ್ಲದಿದ್ದರೆ ಮೊದಲಿನ ಎರಡು ಸರಿಯಿದ್ದೂ ಉಪಯೋಗವಿಲ್ಲ.

ಕಳೆದ ತಿಂಗಳು ನಮ್ಮ ಬಿಲ್ಡಿಂಗಿನಲ್ಲೇ ಬಾಡಿಗೆಗಿರುವ ವಿಜಯಪುರದ ಹುಡುಗನೊಬ್ಬ ಬಂದಿದ್ದ. ಈಗ ಮೈನಿಂಗ್ ಮಾತಿಲ್ಲ, ಎಐ ಕಾಲ. ಕಂಪ್ಯೂಟರಿಗೆ ಎರಡು ದೊಡ್ಡ ಕಾರ್ಡ್ ಹಚ್ಚಿ ಎಐ ಕೆಲಸಕ್ಕೆ ಬಾಡಿಗೆ ಕೊಡಬೇಕಂತೆ. “ಸರ್, ಎರಡನೇ ಕಾರ್ಡಿಗೆ ನನ್ನ ಪವರ್ ಸಪ್ಲೈ ಸಾಕಾಗ್ತದೇನ್ರಿ?” ಎಂದ.

“ಕೂಡು, ಚಹಾ ಕುಡಿ. ಸಪ್ಲೈ ಆಮೇಲೆ ನೋಡೋಣ. ರೊಕ್ಕ ಎಲ್ಲಿಂದ ತಂದಿ?” ಎಂದೆ.

ನಕ್ಕ. ಆಮೇಲೆ ಸ್ವಲ್ಪ ಹೊತ್ತು ಸುಮ್ಮನೆ ಕೂತ. ಇನ್ನೂ ತಂದಿಲ್ಲ, ತಂದೆಯನ್ನು ಕೇಳಬೇಕೆಂದಿದ್ದೇನೆ ಎಂದ. ಏನೆಂದು ಕೇಳುತ್ತೀ ಎಂದು ವಿಚಾರಿಸಿದೆ. ಅವತ್ತು ಸ್ಕ್ರೂಡ್ರೈವರ್ ಹೊರಗೆ ತೆಗೆಯಲೇ ಇಲ್ಲ. ಒಂದೂವರೆ ತಾಸು ಮಾತಾಡಿದೆವು. ಮುಂದಿನ ರವಿವಾರವೂ ಬರುತ್ತೇನೆ ಎಂದು ಹೇಳಿ ಹೋದ, ಬಂದ ಕೂಡ.