ಕ್ಲಬ್ಬಿನ ಕರಾರು, ದೇಶದ ಕರೆ

ವೃತ್ತಿಪರ ಬ್ಯಾಸ್ಕೆಟ್‌ಬಾಲ್‌ನಲ್ಲಿ ಒಬ್ಬ ಆಟಗಾರನ ಮೇಲೆ ಇಬ್ಬರ ಹಕ್ಕು ಇರುತ್ತದೆ. ವರ್ಷವಿಡೀ ಸಂಬಳ ಕೊಟ್ಟು, ವೈದ್ಯರನ್ನೂ ತರಬೇತುದಾರರನ್ನೂ ಇಟ್ಟು ಅವನನ್ನು ನೋಡಿಕೊಳ್ಳುವುದು ಕ್ಲಬ್ಬು. ಒಲಿಂಪಿಕ್ಸ್, ವಿಶ್ವಕಪ್, ಏಷ್ಯಾ ಕಪ್ ಬಂದಾಗ ಕೆಲವು ವಾರಗಳ ಮಟ್ಟಿಗೆ ಅವನನ್ನು ಎರವಲು ಪಡೆಯುವುದು ದೇಶದ ಒಕ್ಕೂಟ. ಮೊಣಕಾಲು ಮಾತ್ರ ಎರಡೂ ಕಡೆಗೆ ಒಂದೇ. ಅಮೆರಿಕದ ಎನ್‌ಬಿಎಯಲ್ಲಿ ಒಂದು ತಂಡ ಋತುವೊಂದಕ್ಕೆ 82 ಲೀಗ್ ಪಂದ್ಯ ಆಡುತ್ತದೆ; ಅಕ್ಟೋಬರಿನಲ್ಲಿ ಶುರುವಾದ ಆಟ ಪ್ಲೇಆಫ್ ಸೇರಿ ಜೂನ್ ತನಕ ಎಳೆಯುತ್ತದೆ. ಆಮೇಲೆ ಸಿಗುವ ಬೇಸಿಗೆಯೇ ಆಟಗಾರನಿಗೆ ಮೈ ಸುಧಾರಿಸಿಕೊಳ್ಳುವ ಕಾಲ. ದೇಶ ಕರೆಯುವುದೂ ಬಹುಮಟ್ಟಿಗೆ ಅದೇ ಕಾಲದಲ್ಲಿ.

ಈ ಇಕ್ಕಟ್ಟನ್ನು ಸಾಮಾನ್ಯವಾಗಿ ದೇಶಭಕ್ತಿಯ ಪರೀಕ್ಷೆಯಂತೆ ನೋಡಲಾಗುತ್ತದೆ. ಬಂದವನು ದೇಶಪ್ರೇಮಿ, ಬಾರದವನು ಹಣದಾಸೆಯವನು. ಈ ನೋಟ ತಪ್ಪು. ಕರೆ ಯಾವಾಗ ಬರುತ್ತದೆ, ಪೆಟ್ಟಾದರೆ ನಷ್ಟ ಯಾರದು, ಹೋಗಬೇಕೋ ಬೇಡವೋ ಎಂದು ತೀರ್ಮಾನಿಸುವವರು ಯಾರು ಎಂಬ ಪ್ರಶ್ನೆಗಳಿಗೆ ನೆಟ್ಟಗೆ ಉತ್ತರವಿರುವ ಕಡೆ ಭಕ್ತಿಯ ಮಾತು ತಾನಾಗಿಯೇ ಹಿಂದೆ ಸರಿಯುತ್ತದೆ. ಉತ್ತರವಿಲ್ಲದ ಕಡೆ ಆಟಗಾರ ಎಷ್ಟು ದೇಶಪ್ರೇಮಿಯಾಗಿದ್ದರೂ ಪೆಟ್ಟು ತಿನ್ನುವವನು ಅವನೇ.

ಮೊದಲನೆಯದು ಕ್ಯಾಲೆಂಡರಿನ ಪ್ರಶ್ನೆ. ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಒಕ್ಕೂಟ, ಅಂದರೆ ಫಿಬಾ, 2017ರ ನವೆಂಬರಿನಿಂದ ವಿಶ್ವಕಪ್ ಅರ್ಹತಾ ಪಂದ್ಯಗಳಿಗೆ ಹೊಸ ಪದ್ಧತಿ ತಂದಿತು. ಫುಟ್‌ಬಾಲಿನಲ್ಲಿರುವಂತೆ ಋತುವಿನ ನಡುವೆಯೇ ಕೆಲವು ದಿನಗಳನ್ನು ದೇಶದ ತಂಡಗಳಿಗೆಂದು ಮೀಸಲಿಟ್ಟು, ತವರಿನಲ್ಲೊಂದು ಹೊರಗೊಂದು ಎಂಬಂತೆ ಪಂದ್ಯ ಆಡಿಸುವುದು ಅದರ ಕ್ರಮ. ಉದ್ದೇಶ ಒಳ್ಳೆಯದೇ. ಅದುವರೆಗೆ ಅನೇಕ ಸಣ್ಣ ದೇಶಗಳ ಜನ ತಮ್ಮ ತಂಡವನ್ನು ತಮ್ಮ ಊರಿನಲ್ಲಿ ಕಂಡದ್ದೇ ಅಪರೂಪ. ಭಾರತ ಆ ಸುತ್ತಿನಲ್ಲಿ ಜೋರ್ಡಾನ್, ಲೆಬನಾನ್, ಸಿರಿಯಾಗಳ ಗುಂಪಿನಲ್ಲಿ ಆಡಿತು. ತವರು ಪಂದ್ಯಗಳು ಬೆಂಗಳೂರಿನಲ್ಲಿ ನಡೆದವು. ಆದರೆ ಈ ಮೀಸಲು ದಿನಗಳು ಬೀಳುವ ನವೆಂಬರ್ ಮತ್ತು ಫೆಬ್ರವರಿಯಲ್ಲಿ ಎನ್‌ಬಿಎ ನಿಲ್ಲುವುದಿಲ್ಲ. 2000ದಲ್ಲಿ ಫಿಬಾದಿಂದ ಬೇರೆಯಾಗಿ ಕ್ಲಬ್ಬುಗಳ ಕೈಸೇರಿದ ಯೂರೋಲೀಗ್ ಕೂಡ ನಿಲ್ಲಲಿಲ್ಲ. ಪರಿಣಾಮ ಎದ್ದು ಕಂಡದ್ದು ಸ್ಲೊವೇನಿಯಾದಲ್ಲಿ. 2017ರ ಸೆಪ್ಟೆಂಬರಿನಲ್ಲಿ ಯುರೋಪಿನ ಚಾಂಪಿಯನ್ ಆದ ಆ ದೇಶದ ಲೂಕಾ ಡಾನ್ಚಿಚ್ ಆಗ ರಿಯಲ್ ಮ್ಯಾಡ್ರಿಡ್ ಆಟಗಾರ. ಎರಡೇ ತಿಂಗಳಲ್ಲಿ ಶುರುವಾದ ಅರ್ಹತಾ ಪಂದ್ಯಗಳಿಗೆ ದೇಶದ ಪ್ರಮುಖರು ಸಿಗಲಿಲ್ಲ. ಯುರೋಪನ್ನೇ ಗೆದ್ದ ತಂಡ 2019ರ ವಿಶ್ವಕಪ್ ತಲುಪಲಿಲ್ಲ. ಅಲ್ಲಿ ಯಾವ ಆಟಗಾರನೂ ದೇಶಕ್ಕೆ ಬೆನ್ನು ತಿರುಗಿಸಿರಲಿಲ್ಲ. ಎರಡು ಸಂಸ್ಥೆಗಳು ಒಂದೇ ದಿನವನ್ನು ತಮ್ಮ ತಮ್ಮ ಪಂಚಾಂಗದಲ್ಲಿ ಬರೆದುಕೊಂಡಿದ್ದವು, ಅಷ್ಟೆ.

ಇದಕ್ಕೆ ಪರಿಹಾರವೇ ಇಲ್ಲ ಎನ್ನುವಂತಿಲ್ಲ. ಆಸ್ಟ್ರೇಲಿಯಾದ ಎನ್‌ಬಿಎಲ್ ಲೀಗ್ ಅದೇ ಋತುವಿನಲ್ಲಿ ಫಿಬಾ ದಿನಗಳಿಗೆ ತನ್ನ ಪಂದ್ಯಗಳನ್ನು ನಿಲ್ಲಿಸಿ ದಾರಿ ಬಿಟ್ಟಿತು. ಆ ಋತುವಿನಲ್ಲೇ ಪಂಜಾಬಿನ ಅಮೃತ್‌ಪಾಲ್ ಸಿಂಗ್ ಸಿಡ್ನಿ ಕಿಂಗ್ಸ್ ಸೇರಿ, ಆ ಲೀಗಿನಲ್ಲಿ ಆಡಿದ ಮೊದಲ ಭಾರತೀಯನಾದ. ಲೀಗೇ ಬಿಡುವು ಕೊಟ್ಟರೆ ಆಟಗಾರ ಯಾರ ಮುಂದೆಯೂ ಕೈಕಟ್ಟಿ ನಿಂತು ರಜೆ ಕೇಳಬೇಕಾಗಿಲ್ಲ.

ದಿನಗಳ ಲೆಕ್ಕಕ್ಕಿಂತ ಕಠಿಣವಾದದ್ದು ದೇಹದ ಲೆಕ್ಕ. ಚೀನಾದ ಯಾವೋ ಮಿಂಗ್ 2002ರಲ್ಲಿ ಹ್ಯೂಸ್ಟನ್ ರಾಕೆಟ್ಸ್ ಸೇರಿದ ಮೇಲೂ ಬೇಸಿಗೆಗಳಲ್ಲಿ ದೇಶದ ತಂಡಕ್ಕೆ ಮರಳುತ್ತಿದ್ದ. 2008ರ ಫೆಬ್ರವರಿಯಲ್ಲಿ ಎಡಪಾದದ ಮೂಳೆ ಬಿರುಕು ಬಿಟ್ಟಿತು. ಶಸ್ತ್ರಚಿಕಿತ್ಸೆಯಾಯಿತು. ಆಗಸ್ಟಿನಲ್ಲಿ ಬೀಜಿಂಗ್ ಒಲಿಂಪಿಕ್ಸ್. ಉದ್ಘಾಟನೆಯ ದಿನ ದೇಶದ ಬಾವುಟ ಹಿಡಿದವನೂ ಅವನೇ, ಮುಂದೆ ಅಂಗಳಕ್ಕಿಳಿದವನೂ ಅವನೇ. 2009ರ ಮೇ ತಿಂಗಳಲ್ಲಿ ಅದೇ ಪಾದ ಮತ್ತೆ ಮುರಿಯಿತು. ಮುಂದಿನ ಇಡೀ ಋತು ಹೋಯಿತು, ಅದರ ಮುಂದಿನದರಲ್ಲಿ ಆಡಿದ್ದು ಐದೇ ಪಂದ್ಯ. 2011ರ ಜುಲೈಯಲ್ಲಿ, 30ರ ವಯಸ್ಸಿನಲ್ಲಿ, ನಿವೃತ್ತಿ. ಏಳೂವರೆ ಅಡಿ ಎತ್ತರದ ದೇಹಕ್ಕೆ ಬಿಡುವಿಲ್ಲದ ಬೇಸಿಗೆಗಳು ಎಷ್ಟು ಭಾರವಾದವು ಎಂದು ಅಳೆದು ಹೇಳುವ ತಕ್ಕಡಿ ಇಲ್ಲ. ಆದರೂ ಆರು ತಿಂಗಳ ಹಿಂದೆ ಬಿರುಕು ಬಿಟ್ಟಿದ್ದ ಪಾದದ ಮೇಲೆ ಇಡೀ ದೇಶದ ನಿರೀಕ್ಷೆಯನ್ನು ಹೇರಿದ್ದು ನ್ಯಾಯವೆನಿಸುವುದಿಲ್ಲ. ಯಾವೋ ಸ್ವತಃ 2017ರಲ್ಲಿ ಚೀನಾದ ಬ್ಯಾಸ್ಕೆಟ್‌ಬಾಲ್ ಸಂಸ್ಥೆಯ ಅಧ್ಯಕ್ಷನಾದಾಗ ರಾಷ್ಟ್ರತಂಡವನ್ನು ಕೆಂಪು, ನೀಲಿ ಎಂದು ಎರಡು ಮಾಡಿ ಹೊಣೆಯನ್ನು ಹೆಚ್ಚು ಆಟಗಾರರಿಗೆ ಹಂಚಲು ನೋಡಿದ. ಪ್ರಯೋಗ ಬಹಳ ಕಾಲ ನಡೆಯಲಿಲ್ಲ. ಚೀನಾದ ಪುರುಷರ ತಂಡ ಟೋಕಿಯೊ ಒಲಿಂಪಿಕ್ಸಿಗೂ ಹೋಗಲಿಲ್ಲ. ಆದರೂ ನೋವು ತಿಂದವನ ಕೈಗೆ ಅಧಿಕಾರ ಬಂದಾಗ ಮೊದಲು ಹೊಳೆದದ್ದು ಭಾರ ಹಂಚುವ ಯೋಚನೆ ಎಂಬುದು ಗಮನಿಸಬೇಕಾದ ಸಂಗತಿ.

ಅಮೆರಿಕದ ಪಾಲ್ ಜಾರ್ಜ್ 2014ರ ಆಗಸ್ಟ್ 1ರಂದು ಲಾಸ್ ವೇಗಸ್‌ನಲ್ಲಿ ರಾಷ್ಟ್ರತಂಡದ ಅಭ್ಯಾಸ ಪಂದ್ಯದಲ್ಲಿ ಕಾಲು ಮುರಿದುಕೊಂಡ. ಮುಂದಿನ ಋತುವಿನಲ್ಲಿ ಇಂಡಿಯಾನಾ ಪೇಸರ್ಸ್ ತಂಡಕ್ಕೆ ಅವನು ಸಿಕ್ಕಿದ್ದು ಕೊನೆಯ ಆರು ಪಂದ್ಯಗಳಿಗೆ ಮಾತ್ರ. ಅದೇ ವರ್ಷ ಸ್ಯಾನ್ ಆ್ಯಂಟೊನಿಯೊ ಸ್ಪರ್ಸ್ ತಂಡ, ಕಾಲಿನ ಮೂಳೆಯಲ್ಲಿ ಬಿರುಕಿದ್ದ ಮನು ಜಿನೋಬಿಲಿಯನ್ನು ಅರ್ಜೆಂಟೀನಾ ಪರ ವಿಶ್ವಕಪ್ ಆಡಲು ಬಿಡಲಿಲ್ಲ. ಎನ್‌ಬಿಎ ಮತ್ತು ಫಿಬಾ ನಡುವೆ ಇರುವ ಒಪ್ಪಂದದ ತಿರುಳೂ ಇದೇ. ಆರೋಗ್ಯವಾಗಿರುವ ಆಟಗಾರನನ್ನು ದೊಡ್ಡ ಟೂರ್ನಿಗಳಿಗೆ ಕ್ಲಬ್ ತಡೆಯುವಂತಿಲ್ಲ, ಪೆಟ್ಟು ಇದ್ದರೆ ತಡೆಯಬಹುದು, ಅವನ ಕರಾರಿನ ವಿಮೆಯನ್ನು ಕರೆಯುವ ದೇಶ ಹೊರಬೇಕು. ವಿಮೆ ಎಂಬುದು ಕೇಳಲು ಒಣ ವಿಷಯ. ಆದರೆ ಎರವಲು ತಂದ ಪಾತ್ರೆ ಒಡೆದರೆ ತಂದವರೇ ತೆರಬೇಕು ಎಂಬ ಹಳ್ಳಿಮನೆಯ ನ್ಯಾಯವೇ ಅದು.

ತೀರ್ಮಾನ ಯಾರದು ಎಂಬ ಪ್ರಶ್ನೆಗೆ ವಾಂಗ್ ಝಿಝಿಯ ಕಥೆ ದೊಡ್ಡ ಸಾಕ್ಷಿ. ಎನ್‌ಬಿಎಯಲ್ಲಿ ಆಡಿದ ಮೊದಲ ಚೀನೀ ಆಟಗಾರ ಇವನು. 2001ರಲ್ಲಿ ಡಲ್ಲಾಸ್ ಮಾವೆರಿಕ್ಸ್ ಪರ ಕಣಕ್ಕಿಳಿದ. ತಾಯ್ನಾಡಿನಲ್ಲಿ ಅವನದು ಸೈನ್ಯದ ತಂಡವಾದ ಬಾಯಿ ರಾಕೆಟ್ಸ್. 2002ರ ಬೇಸಿಗೆಯಲ್ಲಿ ರಾಷ್ಟ್ರೀಯ ಶಿಬಿರಕ್ಕೆ ಮರಳದೆ ಅಮೆರಿಕದಲ್ಲೇ ಉಳಿದ. ಸೈನಿಕನಾದ್ದರಿಂದ ಅದು ಆಟಗಾರನ ಗೈರುಹಾಜರಿಯಾಗಿ ಉಳಿಯದೆ ಆಜ್ಞೆ ಮೀರಿದ ಅಪರಾಧವಾಯಿತು. ತಂಡದಿಂದ ಹೊರಬಿದ್ದ ಅವನು 2006ರಲ್ಲಿ ಮರಳಿ ಬಂದು ಕ್ಷಮೆ ಕೇಳಿದ ಮೇಲಷ್ಟೇ ಮತ್ತೆ ದೇಶದ ಅಂಗಿ ತೊಟ್ಟ. ಸಂಬಳ ಕೊಡುವವರೂ ಸರ್ಕಾರವೇ, ದೇಶದ ಹೆಸರಿನಲ್ಲಿ ಕರೆಯುವವರೂ ಸರ್ಕಾರದ ಕಡೆಯವರೇ ಆದಾಗ ಬೇಡ ಎನ್ನುವ ಜಾಗವೇ ಆಟಗಾರನಿಗೆ ಉಳಿಯುವುದಿಲ್ಲ.

ಭಾರತದ ಬ್ಯಾಸ್ಕೆಟ್‌ಬಾಲ್ ಇದಕ್ಕೆ ಹತ್ತಿರದ ನಂಟು. ಇಲ್ಲಿ ಕ್ಲಬ್ ಎಂಬ ಪದಕ್ಕೆ ಯುರೋಪಿನ ಅರ್ಥವಿಲ್ಲ. ಬೆಂಗಳೂರಿನ ಬೀಗಲ್ಸ್‌ನಂಥ ಹೆಸರಾಂತ ಕ್ಲಬ್ಬುಗಳು ಹುಡುಗರನ್ನು ಬೆಳೆಸುತ್ತವೆ, ಆದರೆ ಬದುಕು ಕಟ್ಟಿಕೊಡುವುದು ಇಲಾಖೆ: ರೈಲ್ವೆ, ಸೈನ್ಯ, ಒಎನ್‌ಜಿಸಿ, ಚೆನ್ನೈನ ಇಂಡಿಯನ್ ಓವರ್‌ಸೀಸ್ ಬ್ಯಾಂಕ್, ಕೇರಳದ ವಿದ್ಯುತ್ ಮಂಡಳಿ. 2019ರಲ್ಲಿ ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾಗುವವರೆಗೆ ವಿಜಯಾ ಬ್ಯಾಂಕ್ ತಂಡವೂ ಬೆಂಗಳೂರಿನ ಅಂಗಳಗಳಲ್ಲಿ ಪರಿಚಿತ ಹೆಸರು. ಸ್ಪೋರ್ಟ್ಸ್ ಕೋಟಾದಲ್ಲಿ ನೌಕರಿ ಸಿಕ್ಕಿದರೆ ಆಟಗಾರ ಗುಮಾಸ್ತನೋ ಟಿಕೆಟ್ ಪರೀಕ್ಷಕನೋ ಆಗಿ ಹಾಜರಿ ಪುಸ್ತಕಕ್ಕೆ ಸೇರುತ್ತಾನೆ, ಸಂಜೆ ಇಲಾಖೆಯ ತಂಡಕ್ಕೆ ಆಡುತ್ತಾನೆ. ಸೀನಿಯರ್ ನ್ಯಾಷನಲ್ಸ್‌ನಲ್ಲಿ ರೈಲ್ವೆ ಮತ್ತು ಸರ್ವಿಸಸ್ ತಾವೇ ಬೇರೆ ಘಟಕಗಳಾಗಿ ಆಡುವುದರಿಂದ, ಕರ್ನಾಟಕದಲ್ಲಿ ಹುಟ್ಟಿ ಬೆಳೆದ ಹುಡುಗಿ ರೈಲ್ವೆ ಸೇರಿದ ದಿನವೇ ಕರ್ನಾಟಕದ ಅಂಗಿ ಕಳಚಿಡಬೇಕಾಗುತ್ತದೆ. ಅಂದರೆ ದೇಶದ ಕರೆ ಬರುವ ಮೊದಲೇ ಇಲ್ಲಿ ರಾಜ್ಯ ಮತ್ತು ಇಲಾಖೆಯ ನಡುವೆ ಒಂದು ಹಂಚಿಕೆ ಮುಗಿದಿರುತ್ತದೆ.

ಆ ನೌಕರಿಯ ತೂಕ ಏನೆಂದು ತಿಳಿಯಲು ಪೂರ್ವ ದೆಹಲಿಯ ಲಕ್ಷ್ಮೀ ನಗರ ಒಳ್ಳೆಯ ಜಾಗ. ವಿಕಾಸ ಮಾರ್ಗದ ಎರಡೂ ಬದಿಗೆ ಕೋಚಿಂಗ್ ಸೆಂಟರುಗಳ ಫಲಕಗಳು ಒಂದರ ಮೇಲೊಂದು. ಸಿಎ ಓದುವವರು, ಬ್ಯಾಂಕ್ ಮತ್ತು ಸರ್ಕಾರಿ ಪರೀಕ್ಷೆಗಳಿಗೆ ಕೂರುವವರು ನಾನಾ ರಾಜ್ಯಗಳಿಂದ ಬಂದು ಪಿಜಿ ಕೋಣೆಗಳಲ್ಲಿ ವರ್ಷಗಳನ್ನು ಕಳೆಯುತ್ತಾರೆ. ಅಲ್ಲಿಂದ ಮೆಟ್ರೊ ಹತ್ತಿ ಯಮುನೆ ದಾಟಿದರೆ ಎರಡನೆಯ ನಿಲ್ದಾಣ ಇಂದ್ರಪ್ರಸ್ಥ. ಅದರ ಸಮೀಪ 1982ರ ಏಷ್ಯನ್ ಗೇಮ್ಸ್‌ಗಾಗಿ ಕಟ್ಟಿದ ಇಂದಿರಾ ಗಾಂಧಿ ಒಳಾಂಗಣ ಕ್ರೀಡಾಂಗಣ. ಹೊಳೆಯ ಈ ದಡದಲ್ಲಿ ಪುಸ್ತಕ ಹಿಡಿದು ಹುಡುಕುವ ನೌಕರಿಯನ್ನೇ ಆ ದಡದಲ್ಲಿ ಚೆಂಡು ಹಿಡಿದು ಹುಡುಕಲಾಗುತ್ತದೆ. ಹೀಗೆ ದಕ್ಕಿದ ಕೆಲಸವನ್ನು ಎರಡು ತಿಂಗಳ ಖಾಸಗಿ ಲೀಗಿಗಾಗಿ ಪಣಕ್ಕಿಡು ಎಂದು ಯಾವ ಆಟಗಾರನಿಗೂ ಹೇಳಲು ಬಾಯಿ ಬರುವುದಿಲ್ಲ. ಹೇಳಲೂಬಾರದು.

ಇಲಾಖೆಯ ಪದ್ಧತಿಯಲ್ಲಿ ದೇಶದ ಕರೆಗೆ ಅಡ್ಡಿ ಕಡಿಮೆ ಎಂಬುದನ್ನು ಒಪ್ಪಬೇಕು. ರೈಲ್ವೆಯ ಕ್ರೀಡಾ ಮಂಡಳಿ 1928ರಷ್ಟು ಹಳೆಯದು. ಕ್ರೀಡೆಗೆಂದು ಕೇಂದ್ರ ಸರ್ಕಾರಿ ನೌಕರರಿಗೆ ವರ್ಷಕ್ಕೆ 30 ದಿನಗಳ ವಿಶೇಷ ಸಾಂದರ್ಭಿಕ ರಜೆಯ ನಿಯಮ ಬಹಳ ಕಾಲದಿಂದ ಇದೆ. ದಕ್ಷಿಣ ರೈಲ್ವೆಯ ಅನಿತಾ ಪಾಲ್‌ದುರೈ ಒಂಬತ್ತು ಏಷ್ಯಾ ಚಾಂಪಿಯನ್‌ಷಿಪ್‌ಗಳಲ್ಲಿ ಆಡಲು ಸಾಧ್ಯವಾದದ್ದು, ತಾಯಿಯಾದ ಮೇಲೂ ತಂಡಕ್ಕೆ ಮರಳಿದ್ದು, ಸಂಬಳದ ಭದ್ರತೆ ಬೆನ್ನಿಗಿದ್ದುದರಿಂದ. 2017ರ ಜುಲೈಯಲ್ಲಿ ಬೆಂಗಳೂರಿನಲ್ಲಿ ನಡೆದ ಮಹಿಳಾ ಏಷ್ಯಾ ಕಪ್‌ನಲ್ಲಿ, ಕರ್ನಾಟಕದ ಪಿ.ಯು. ನವನೀತಾ ಕೂಡ ಇದ್ದ ತಂಡವನ್ನು ಮುನ್ನಡೆಸಿ, ಫೈನಲಿನಲ್ಲಿ ಕಜಕಸ್ತಾನವನ್ನು 75-73ರಿಂದ ಸೋಲಿಸಿ ಬಿ ವಿಭಾಗದ ಕಿರೀಟ ತಂದವರು ಅವರೇ. 2021ರಲ್ಲಿ ಪದ್ಮಶ್ರೀ ಬಂತು. ಇಂಥ ದೀರ್ಘ ಸೇವೆಯನ್ನು ವರ್ಷದಿಂದ ವರ್ಷಕ್ಕೆ ಕರಾರು ಬದಲಾಗುವ ಲೀಗುಗಳು ಸುಲಭವಾಗಿ ಕೊಡಲಾರವು.

ಕೊರತೆ ಬೇರೆ ಕಡೆ ಇದೆ. ಇಲಾಖೆಯ ಆಟಗಾರನಿಗೆ ಋತುವೆಂಬುದೇ ಇಲ್ಲ. ಕೊಯಮತ್ತೂರಿನ ಪಿಎಸ್‌ಜಿ ಟ್ರೋಫಿಯಂಥ ಆಹ್ವಾನಿತ ಟೂರ್ನಿಗಳು, ಫೆಡರೇಷನ್ ಕಪ್, ನ್ಯಾಷನಲ್ಸ್. ಒಂದೊಂದೂ ವಾರದ ಆಟ, ನಡುವೆ ತಿಂಗಳುಗಟ್ಟಲೆ ಖಾಲಿ. ಎದುರಾಳಿ ದೇಶದ ಆಟಗಾರ ವರ್ಷಕ್ಕೆ ಹಲವು ಹತ್ತು ಗಟ್ಟಿ ಪಂದ್ಯ ಆಡಿ ಬಂದಿದ್ದರೆ, ಭಾರತೀಯ ಆಟಗಾರ ಶಿಬಿರದಲ್ಲಿ ಹೊಸದಾಗಿ ಮೈ ಕಾಯಿಸಿಕೊಳ್ಳಬೇಕು. 2014ರಲ್ಲಿ ವುಹಾನ್‌ನಲ್ಲಿ ಚೀನಾವನ್ನು ಅದರ ನೆಲದಲ್ಲೇ 65-58ರಿಂದ ಸೋಲಿಸಿದ ತಂಡಕ್ಕೆ ಪ್ರತಿಭೆಯ ಕೊರತೆ ಇತ್ತು ಎನ್ನಲಾಗದು. ಕೊರತೆ ಇದ್ದದ್ದು ಆಟದ ನಿರಂತರತೆಗೆ. ಅದನ್ನರಸಿ ಹೊರಗೆ ಹೋದವರೂ ಇದ್ದಾರೆ: ದಕ್ಷಿಣ ರೈಲ್ವೆಯ ಗೀತು ಆ್ಯನ್ನಾ ಜೋಸ್ ಮತ್ತು ಅವರ ನಂತರ ಕೇರಳ ವಿದ್ಯುತ್ ಮಂಡಳಿಯ ಪಿ.ಎಸ್. ಜೀನಾ ಇಬ್ಬರೂ ಮೆಲ್ಬರ್ನ್‌ನ ರಿಂಗ್‌ವುಡ್ ಕ್ಲಬ್ಬಿಗೆ ಆಡಿದರು. ದೇಶದ ಪರ ಆಡುವ ದಿನಗಳನ್ನು ಕಚೇರಿ ಕರ್ತವ್ಯವೆಂದು ಕಾಣಬಹುದು. ವಿದೇಶಿ ಕ್ಲಬ್ಬಿನ ಇಡೀ ಋತುವನ್ನು ಕಾಣಲು 30 ದಿನದ ರಜೆಯ ಚೌಕಟ್ಟಿನಲ್ಲಿ ಜಾಗವಿಲ್ಲ. ಆದರೆ ಆ ಋತುವಿನಲ್ಲಿ ಕಲಿತದ್ದು ಕೊನೆಗೆ ದಕ್ಕುವುದು ದೇಶದ ತಂಡಕ್ಕೇ.

ಭಾರತದೊಳಗೇ ಲೀಗ್ ಕಟ್ಟುವ ಯತ್ನಗಳು ನಡೆದಿವೆ. ಬೆಂಗಳೂರು ಬೀಸ್ಟ್ ಮುಂತಾದ ತಂಡಗಳಿದ್ದ ಖಾಸಗಿ ಯುಬಿಎ ಲೀಗ್ 2015ರಲ್ಲಿ ಶುರುವಾಗಿ ನಾಲ್ಕು ಆವೃತ್ತಿ ಕಂಡು 2017ರಲ್ಲಿ ನಿಂತಿತು. ಬಳಿಕ ಐಎನ್‌ಬಿಎಲ್ ಎಂಬ ಇನ್ನೊಂದು ಲೀಗ್ ಬಂತು. ಗ್ರೇಟರ್ ನೊಯ್ಡಾದಲ್ಲಿ 2017ರಲ್ಲಿ ತೆರೆದ ಎನ್‌ಬಿಎ ಅಕಾಡೆಮಿಯಲ್ಲಿ ಕಲಿತ ಪ್ರಿನ್ಸ್‌ಪಾಲ್ ಸಿಂಗ್ 2020ರಲ್ಲಿ ನೇರವಾಗಿ ಅಮೆರಿಕದ ಜಿ ಲೀಗ್‌ನ ಕರಾರಿಗೆ ಸಹಿ ಹಾಕಿದ. ಅಂದರೆ ಇಲಾಖೆಯ ನೌಕರಿಯನ್ನೇ ನೆಚ್ಚಿಕೊಳ್ಳದ ಪೀಳಿಗೆಯೊಂದು ಹುಟ್ಟುತ್ತಿದೆ. ಯುರೋಪು ಎರಡು ದಶಕದಿಂದ ಕಾಣುತ್ತಿರುವ ಜಗಳ ಇಲ್ಲಿಗೆ ಬರುವುದು ಈಗ.

ದೇಶದ ಹಕ್ಕನ್ನು ಸಮರ್ಥಿಸುವವರ ವಾದದಲ್ಲಿ ಹುರುಳಿದೆ. ಆಟಗಾರನನ್ನು ಹದಿಮೂರರ ವಯಸ್ಸಿನಲ್ಲಿ ಕ್ರೀಡಾ ಹಾಸ್ಟೆಲಿಗೆ ಸೇರಿಸಿಕೊಂಡು ಊಟ, ವಸತಿ, ತರಬೇತಿ ಕೊಟ್ಟದ್ದು ಜನರ ತೆರಿಗೆ ಹಣ. ಕರ್ನಾಟಕದಲ್ಲಿ ಯುವ ಸಬಲೀಕರಣ ಇಲಾಖೆಯ ಹಾಸ್ಟೆಲುಗಳು ಇಂದಿಗೂ ಈ ಕೆಲಸ ಮಾಡುತ್ತಿವೆ. ಮೇಲಾಗಿ ಭಾರತೀಯ ಆಟಗಾರನನ್ನು ಹೊರಗಿನ ಕ್ಲಬ್ಬುಗಳು ಗುರುತಿಸುವುದೇ ಬಹುಪಾಲು ದೇಶದ ಅಂಗಿಯಲ್ಲಿ ಆಡುವಾಗ. ಆದರೆ ಈ ಋಣ ಆಟಗಾರನ ಸಮಯದ ಮೇಲೆ ಹಕ್ಕು ಕೊಡುತ್ತದೆ, ಅವನ ಮೂಳೆಯ ಮೇಲಲ್ಲ. ಕರೆಯುವ ದಿನಗಳನ್ನು ವರ್ಷ ಮೊದಲೇ ತಿಳಿಸುವುದು, ಶಿಬಿರದಲ್ಲಾದ ಪೆಟ್ಟಿಗೆ ಮತ್ತೆ ಅಂಗಳಕ್ಕಿಳಿಯುವವರೆಗಿನ ಚಿಕಿತ್ಸೆ ಮತ್ತು ಕಳೆದುಕೊಂಡ ಗಳಿಕೆಯನ್ನು ಭರಿಸುವುದು ಕರೆದವರ ಹೊಣೆ. ಯಾವ ಕೂಟಕ್ಕೆ ಎಂಬುದೂ ಮೊದಲೇ ಗೊತ್ತಾಗಿರಬೇಕು. 2018ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಫಿಲಿಪ್ಪೀನ್ಸ್ ಪರ ಆಡಲು ತನ್ನ ಆಟಗಾರ ಜೋರ್ಡನ್ ಕ್ಲಾರ್ಕ್‌ಸನ್‌ಗೆ ಎನ್‌ಬಿಎ ಮೊದಲು ಅನುಮತಿ ಕೊಡಲಿಲ್ಲ. ಆ ಕೂಟ ಫಿಬಾ ಒಪ್ಪಂದದ ಪಟ್ಟಿಯಲ್ಲಿಲ್ಲ ಎಂಬುದೇ ಕಾರಣ. ಕೂಟದ ಹೊಸ್ತಿಲಲ್ಲಿ, ಇದೊಂದು ಬಾರಿಗೆ ಮಾತ್ರ ಎಂಬ ಮಾತಿನೊಂದಿಗೆ ಅನುಮತಿ ಬಂತು. ಭಾರತಕ್ಕೆ ಏಷ್ಯನ್ ಗೇಮ್ಸ್ ಎಷ್ಟು ಮುಖ್ಯವೆಂದು ಬಲ್ಲವರು, ಇಲ್ಲಿಯ ಆಟಗಾರರು ವಿದೇಶಿ ಕರಾರಿಗೆ ಸಹಿ ಹಾಕುವಾಗ ಆ ಕೂಟದ ಹೆಸರನ್ನು ಕಾಗದದಲ್ಲೇ ಬರೆಸಿಕೊಳ್ಳುವಂತೆ ನೋಡಿಕೊಳ್ಳಬೇಕು.

ಮಹಿಳೆಯರ ವಿಷಯದಲ್ಲಿ ಮಾತು ಇಷ್ಟು ದೂರ ಬಂದಿಲ್ಲ. ಖಾಸಗಿ ಲೀಗುಗಳ ಹಣವೂ ಗಮನವೂ ಬಹುತೇಕ ಪುರುಷರ ಕಡೆಗೇ ಹರಿದಿವೆ. ಯುಬಿಎ ಪುರುಷರದ್ದೇ ಲೀಗ್ ಆಗಿತ್ತು. ರೈಲ್ವೆಯ ಆಟಗಾರ್ತಿಗೆ ಇಂದಿಗೂ ಇರುವುದು ಇಲಾಖೆಯ ತಂಡ, ನ್ಯಾಷನಲ್ಸ್, ದೇಶದ ಶಿಬಿರ. ಕ್ಲಬ್ ಮತ್ತು ದೇಶದ ನಡುವೆ ಯಾವುದನ್ನು ಆರಿಸಲಿ ಎಂಬ ಇಕ್ಕಟ್ಟು ಅವಳಿಗೆ ಬರಬೇಕಾದರೆ, ಮೊದಲು ಅವಳನ್ನು ಸಂಬಳ ಕೊಟ್ಟು ಆಡಿಸುವ ಕ್ಲಬ್ಬೊಂದು ಈ ನೆಲದಲ್ಲಿ ಇರಬೇಕು.