ಎದೆಯುರಿ ಮತ್ತು ಕೊನೆಯ ಪಂಕ್ತಿ

ಪಿತ್ತಕೋಶದ ಆಪರೇಷನ್ ಮುಗಿಸಿಕೊಂಡು ತೊಗರ್ಸಿಗೆ ಮರಳಿದ ಮೇಲೆ ನನ್ನನ್ನು ನೋಡಲು ಬಂದವರೆಲ್ಲ ಒಂದೇ ಮಾತು ಹೇಳಿದರು: "ಇನ್ನು ಬಾಯಿ ಕಟ್ಟಬೇಕು ನೋಡವ್ವಾ." ಮಿಡಿ ಉಪ್ಪಿನಕಾಯಿ ಬಿಡು, ಎಣ್ಣೆಗಾಯಿ ಬಿಡು, ಮಿರ್ಚಿ ಕಡೆ ತಿರುಗಿ ನೋಡಬೇಡ. ಬಿಟ್ಟೆ. ಎರಡು ತಿಂಗಳು ಗಂಜಿ, ಮಜ್ಜಿಗೆ ಅನ್ನ, ಬೇಯಿಸಿದ ಹೀರೇಕಾಯಿ ತಿಂದುಕೊಂಡಿದ್ದೆ. ಆದರೂ ಎದೆ ಉರಿಯುತ್ತಲೇ ಇತ್ತು. ನಾನು ಏನು ತಿನ್ನುತ್ತೇನೆಂದು ಊರೆಲ್ಲ ಲೆಕ್ಕ ಇಟ್ಟಿತು. ಎಷ್ಟು ಹೊತ್ತಿಗೆ ತಿನ್ನುತ್ತೇನೆಂದು ಒಬ್ಬರೂ ಕೇಳಲಿಲ್ಲ. ನನ್ನ ಜಗಳ ಇರುವುದು ಇಲ್ಲಿ.

ಮೊದಲು ಆಸ್ಪತ್ರೆಯ ವಿಷಯ ಹೇಳಿ ಮುಗಿಸುತ್ತೇನೆ. ಶಿರಾಳಕೊಪ್ಪ, ಶಿಕಾರಿಪುರ ದಾಟಿ ಶಿವಮೊಗ್ಗಕ್ಕೆ ಹೋಗಿ, ಹೊಟ್ಟೆಗೆ ನಾಲ್ಕು ಸಣ್ಣ ತೂತು ಮಾಡಿಸಿಕೊಂಡು, ಮೂರನೆಯ ದಿನ ಮನೆಗೆ ಬಂದೆ. ದೂರ್ಬೀನಿನ ಈ ಆಪರೇಷನ್ನನ್ನು ನಮ್ಮ ದೇಶದಲ್ಲಿ ಮೊದಲು ಮಾಡಿದ್ದು 1990ರಲ್ಲಿ, ಮುಂಬೈಯಲ್ಲಿ, ಡಾ. ಉದ್ವಾಡಿಯಾ ಎಂಬವರು. ನಮ್ಮ ತಾಯಂದಿರ ಕಾಲದಲ್ಲಿ ಹೊಟ್ಟೆಯನ್ನು ಅಡ್ಡಡ್ಡ ಸೀಳುತ್ತಿದ್ದರು, ಆ ಪುಣ್ಯಾತ್ಮನಿಗೆ ನಾನೂ ಋಣಿ. ಆದರೆ ಡಾಕ್ಟರು ಹೇಳಬೇಕಾದದ್ದನ್ನೆಲ್ಲ ಹೇಳಿದ್ದು ನಮ್ಮನೆಯವರಿಗೆ. ಬಾಟಲಿಯಲ್ಲಿ ಹಾಕಿದ ಕಲ್ಲುಗಳನ್ನು ತೋರಿಸಿದ್ದೂ ಅವರಿಗೇ. ಹೊಟ್ಟೆ ನನ್ನದು, ಕಲ್ಲೂ ನನ್ನವು! ಕೈಗೆ ಕೊಟ್ಟ ಕಾಗದ ಇಂಗ್ಲಿಷಿನಲ್ಲಿತ್ತು. "ಪಿತ್ತಕೋಶ ಇಲ್ಲದಿದ್ದರೂ ಏನೂ ಆಗಲ್ಲ" ಎಂಬುದೊಂದೇ ಕನ್ನಡದಲ್ಲಿ ನನ್ನ ಕಿವಿಗೆ ಬಿದ್ದ ಮಾತು.

ಏನೂ ಆಗುವುದಿಲ್ಲ ಎನ್ನುವುದು ಬಹಳ ಜನರ ಮಟ್ಟಿಗೆ ನಿಜ. ಪಿತ್ತರಸವನ್ನು ತಯಾರಿಸುವುದು ಯಕೃತ್ತು, ಪಿತ್ತಕೋಶ ಅದನ್ನು ಕೂಡಿಟ್ಟು ಊಟದ ಹೊತ್ತಿಗೆ ಬಿಡುವ ಚೀಲ ಅಷ್ಟೆ. ಚೀಲ ಹೋದ ಮೇಲೆ ರಸ ಸಣ್ಣಗೆ ಕರುಳಿಗೆ ಜಿನುಗುತ್ತಲೇ ಇರುತ್ತದೆ. ಕೆಲವರಲ್ಲಿ ಅದು ಹಿಮ್ಮುಖವಾಗಿ ಹೊಟ್ಟೆಗೆ ಬಂದು ಅಲ್ಲಿನ ಹುಳಿಯ ಜೊತೆ ಸೇರುತ್ತದೆ. ಇನ್ನು ಕೆಲವರಿಗೆ ಎದೆಯುರಿ ಮೊದಲಿನಿಂದಲೂ ಇದ್ದು, ಕಲ್ಲು ತೆಗೆಸಿದರೆ ಅದೂ ಹೋಗುತ್ತದೆಂದು ನಂಬಿರುತ್ತಾರೆ. ಕಲ್ಲು ಹೋಗುತ್ತದೆ, ಉರಿ ಉಳಿಯುತ್ತದೆ. ನನಗೆ ಇದರಲ್ಲಿ ಯಾವುದೋ, ಎರಡೂ ಸೇರಿಯೋ. ನಡುರಾತ್ರಿ ಗಂಟಲ ತನಕ ಹುಳಿ ನೀರು ನುಗ್ಗಿ, ಕೆಮ್ಮಿ ಎದ್ದು ಕೂರುತ್ತಿದ್ದೆ. ಬೆಳಿಗ್ಗೆ ಧ್ವನಿ ಒಡೆದಿರುತ್ತಿತ್ತು. "ಗ್ಯಾಸ್ ಆಗೈತಿ ಬಿಡು, ಒಂದು ಸೋಡಾ ಕುಡಿ" ಎಂದರು. ಸೋಡಾ ಕುಡಿದರೆ ತೇಗಿನ ಜೊತೆ ಹುಳಿಯೂ ಮೇಲೆ ಬರುತ್ತದೆ ಎಂಬುದನ್ನು ನಾನು ಅನುಭವಿಸಿಯೇ ಕಲಿತೆ.

ಮಾತ್ರೆಯ ಕತೆ ಇನ್ನೂ ಚೆಂದ. ಒಂದು ತಿಂಗಳು ಅದನ್ನು ತಿಂಡಿ ಆದ ಮೇಲೆ ನುಂಗಿದೆ. ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್ ಎಂಬ ಈ ಜಾತಿಯ ಮಾತ್ರೆಗಳನ್ನು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ, ತಿಂಡಿಗೆ ಅರ್ಧ ಗಂಟೆ ಮುಂಚೆ ತಗೊಂಡರೇ ಪೂರ್ತಿ ಕೆಲಸ ಮಾಡುವುದು. ಆ ಒಂದು ಸಾಲು ಇಂಗ್ಲಿಷ್ ಕಾಗದದ ಮೂಲೆಯಲ್ಲಿ ಗೀಚಿದ ಹಾಗೆ ಇತ್ತಂತೆ, ಕಾಲೇಜಿಗೆ ಹೋಗುವ ಮಗಳು ಆಮೇಲೆ ಓದಿ ಹೇಳಿದಳು. ಅದರ ಜೊತೆ ನೋವಿನ ಮಾತ್ರೆ ಬೇರೆ. ಅದೇ ಹೊಟ್ಟೆಯನ್ನು ಇನ್ನಷ್ಟು ಕೆರಳಿಸುವಂಥದ್ದು.

ಎರಡನೇ ಸಲ ತೋರಿಸಲು ಹೋದಾಗ ನಾನೇ ಡಾಕ್ಟರ ಎದುರು ಕೂತು ಕೇಳಿದೆ. ಅವರು ಹೇಳಿದ್ದು ಇಷ್ಟು: ಒಂದೇ ಸಲ ಹೊಟ್ಟೆ ಬಿರಿಯ ಉಣ್ಣದೆ ಸ್ವಲ್ಪ ಸ್ವಲ್ಪ ನಾಲ್ಕೈದು ಸಲ ತಿನ್ನಿ, ರಾತ್ರಿ ಊಟಕ್ಕೂ ಮಲಗುವುದಕ್ಕೂ ಮೂರು ಗಂಟೆ ಅಂತರವಿರಲಿ, ಮಂಚದ ತಲೆಭಾಗ ಆರು ಇಂಚಾದರೂ ಎತ್ತರವಿರಲಿ, ಎಡಮಗ್ಗುಲಿಗೆ ಮಲಗಿ. ಒಳ್ಳೆಯ ಮಾತುಗಳು. ಖರ್ಚೂ ಇಲ್ಲ. ಕೇಳಿ ನನಗೆ ನಗು ಬಂತು.

ನಗು ಯಾಕೆ ಎಂದರೆ ನಮ್ಮ ಮನೆಯ ರಾತ್ರಿಯನ್ನು ನೋಡಿ. ಮಾವನವರದು ಎಂಟಕ್ಕೆ. ಮಗನದು ಅವನಿಗೆ ಮನಸ್ಸು ಬಂದಾಗ. ನಮ್ಮನೆಯವರು ಅಂಗಡಿ ಬಾಗಿಲು ಹಾಕಿ ಬರುವುದು ಒಂಬತ್ತೂವರೆಗೆ, ರೊಟ್ಟಿ ಬಿಸಿ ಇರಬೇಕು. ಎಲ್ಲರದಾದ ಮೇಲೆ ಅತ್ತೆ ಮತ್ತು ನಾನು ಉಳಿದದ್ದನ್ನು ಬಳಿದುಕೊಂಡು ಉಣ್ಣುವಾಗ ಹತ್ತೂವರೆ. ಪಾತ್ರೆ ತೊಳೆದು, ಹಾಲಿಗೆ ಹೆಪ್ಪು ಹಾಕಿ, ಹನ್ನೊಂದಕ್ಕೆ ಹಾಸಿಗೆಗೆ ಒರಗಿದರೆ ಬೆಳಿಗ್ಗೆ ಐದಕ್ಕೆ ಏಳಬೇಕು. ಅನ್ನ ಇನ್ನೂ ಹೊಟ್ಟೆಯಲ್ಲೇ ಇರುತ್ತದೆ. ಮಲಗಿದ ಕೊಡದಿಂದ ನೀರು ಬಾಯಿಗೆ ಬರದೆ ಎಲ್ಲಿಗೆ ಹೋಗುತ್ತದೆ? ಮೂರು ಗಂಟೆ ಅಂತರ ಬೇಕೆಂದರೆ ನಾನು ಒಂದೂವರೆಗೆ ಮಲಗಬೇಕು.

ಅಂದರೆ ನನ್ನ ಮದ್ದು ಇರುವುದು ಮನೆಯ ಪಂಕ್ತಿಯಲ್ಲಿ. ಪಂಕ್ತಿ ಬದಲಾಯಿಸುವ ಬದಲು ಮಾತ್ರೆಯ ಪಟ್ಟಿ ತಂದುಕೊಡುವುದು ಎಲ್ಲರಿಗೂ ಸುಲಭ. ಹತ್ತು ಮಾತ್ರೆಯ ಪಟ್ಟಿ ಮುಗಿದ ಕೂಡಲೇ ಔಷಧಿ ಅಂಗಡಿಯಿಂದ ಇನ್ನೊಂದು ಬರುತ್ತದೆ, ಯಾರೂ ಚೀಟಿ ಕೇಳುವುದಿಲ್ಲ. ವರ್ಷಗಟ್ಟಲೆ ಕೇಳದೇ ನುಂಗಿದರೆ ಬಿ12 ಕಡಿಮೆಯಾಗಬಹುದು, ಮೂಳೆಗೂ ಒಳ್ಳೆಯದಲ್ಲ ಎನ್ನುತ್ತಾರೆ ತಿಳಿದವರು. ಹಾಗಂತ ಡಾಕ್ಟರನ್ನು ಕೇಳದೆ ಬಿಡಬೇಡಿ, ನಾನು ಬಿಟ್ಟು ಒಂದು ವಾರ ಒದ್ದಾಡಿದ್ದೇನೆ. ಇನ್ನೊಂದು ಮಾತು: ಅನ್ನ ಗಂಟಲಲ್ಲಿ ಸಿಕ್ಕಿಕೊಂಡಂತಾದರೆ, ಮಲ ಕಪ್ಪಗಾದರೆ, ಸುಮ್ಮನೆ ತೂಕ ಇಳಿದರೆ, ಎದೆನೋವು ತೋಳಿಗೋ ದವಡೆಗೋ ಹರಿದರೆ ಅದನ್ನು ಗ್ಯಾಸ್ ಎಂದುಕೊಂಡು ಕೂರಬೇಡಿ. ಹೆಂಗಸರ ಹೃದಯದ ನೋವನ್ನು ಅಜೀರ್ಣವೆಂದು ತಳ್ಳಿಹಾಕಿದ ಮನೆಗಳು ಬೇಕಾದಷ್ಟಿವೆ.

ನಮ್ಮೂರಿಗೆ ಹತ್ತಿರದ ಬಳ್ಳಿಗಾವಿಯ ಕೋಡಿಮಠದ ಬಗ್ಗೆ 1162ರ ಶಾಸನವಿದೆ. ದೀನರಿಗೆ, ಕುರುಡರಿಗೆ, ಕುಂಟರಿಗೆ ಅನ್ನ ನೀಡುವ ಸ್ಥಳವೂ ರೋಗಿಗಳಿಗೆ ಔಷಧಿ ಕೊಡುವ ಸ್ಥಳವೂ ಅದೇ ಎಂದು ಹೊಗಳಿದೆ. ಅನ್ನ, ಔಷಧ ಎರಡೂ ಒಂದೇ ಕಡೆ! ಎಂಟು ನೂರು ವರ್ಷ ದಾಟಿದ ಮೇಲೆ ನಮ್ಮ ಮನೆಗಳಲ್ಲಿ ಔಷಧಿಗೆ ದುಡ್ಡು ಉಂಟು, ಅನ್ನಕ್ಕೆ ಹೊತ್ತಿಲ್ಲ.

ಒಂದು ಸಂಜೆ ಏಳೂವರೆಗೆ ನಾನೇ ತಟ್ಟೆ ಹಾಕಿಕೊಂಡು ಕೂತೆ. ಮಾವನವರು ಕೆಮ್ಮಿದರು. ನಮ್ಮನೆಯವರಿಗೆ ವಿಷಯ ಗೊತ್ತಾದಾಗ "ನಾನು ಬರೋ ತನಕ ಕಾಯೋಕಾಗ್ಲಿಲ್ವಾ?" ಎಂದರು. ಅತ್ತೆಯದೇ ದೊಡ್ಡ ದನಿ: "ನಾವೇನು ಹೊತ್ತಲ್ಲದ ಹೊತ್ತಿನಾಗೆ ಉಣ್ಣಲಿಲ್ಲೇನು? ನಮಗೇನಾತು?" ಎರಡು ದಿನ ನನ್ನ ಹತ್ತಿರ ಮಾತು ಬಿಟ್ಟರು. ನಾನು ಏಳೂವರೆಗೆ ಉಣ್ಣುವುದನ್ನು ಬಿಡಲಿಲ್ಲ. ನಮ್ಮನೆಯವರ ರೊಟ್ಟಿ ಡಬ್ಬಿಯಲ್ಲಿ ಇರುತ್ತದೆ, ಬೇಕಾದರೆ ಬಿಸಿ ಮಾಡಿಕೊಳ್ಳಲಿ. ಮಾಡಿಕೊಳ್ಳುತ್ತಾರೆ, ಗೊಣಗುತ್ತಲೇ.

ಮೂರನೆಯ ದಿನ ಅಡುಗೆಮನೆಯ ನೆಲುವು ಒರೆಸುವಾಗ ಸಣ್ಣ ಡಬ್ಬಿಯೊಂದು ಕೈಗೆ ಸಿಕ್ಕಿತು. ಒಳಗೆ ಅಡುಗೆ ಸೋಡಾ, ಒಂದು ಪುಟ್ಟ ಚಮಚ. ದೋಸೆ ಹಿಟ್ಟಿನ ಸೋಡಾ ಡಬ್ಬಿ ಬೇರೆಯೇ ಇದೆ. ಹಿಡಿದುಕೊಂಡು ಅತ್ತೆಯ ಮುಂದೆ ನಿಂತೆ. ಅವರು ಸೆರಗಿನಿಂದ ಬಾಯಿ ಒರೆಸಿಕೊಂಡರು. "ರಾತ್ರಿ ಉರೀತದ. ನೀರಾಗೆ ಹಾಕ್ಕಂಡು ಕುಡೀತೀನಿ." ಎಷ್ಟು ವರ್ಷದಿಂದ ಎಂದೆ. "ನಿನ್ನ ಗಂಡ ಹುಟ್ಟಿದಾಗಿಂದ" ಎಂದರು.

ಬಿ.ಪಿ. ಇರುವವರು ದಿನಾ ಆ ಸೋಡಾ ಕುಡಿಯಬಾರದು, ಅದರಲ್ಲಿ ಉಪ್ಪಿನ ಅಂಶ ಇದೆ. ಮುಂದಿನ ಸೋಮವಾರ ಅವರನ್ನು ಶಿರಾಳಕೊಪ್ಪಕ್ಕೆ ಕರೆದುಕೊಂಡು ಹೋಗುತ್ತಿದ್ದೇನೆ. ಡಾಕ್ಟರ ಎದುರು ಅವರೇ ಕೂರಲಿ, ಅವರೇ ಹೇಳಲಿ. ಹಿತ್ತಲಿನಲ್ಲಿ ನನ್ನ ಮಂಚಕ್ಕೆ ತಂದ ಇಟ್ಟಿಗೆಗಳಲ್ಲಿ ನಾಲ್ಕು ಮಿಕ್ಕಿದ್ದವು, ನಿನ್ನೆ ಅವರ ಮಂಚದ ತಲೆಯ ಕಾಲುಗಳ ಕೆಳಗೆ ಇಟ್ಟೆವು. ಮಾವನವರು ಇನ್ನೊಂದು ತುದಿ ಹಿಡಿದು ಎತ್ತಿದರು.